ಗೋದಲಿಯ ಕತ್ತೆ ಎಲ್ಲಿಂದ ಬಂತು?

"ಚರ್ಚಿನವರು ಬಚ್ಚಿಟ್ಟ ಪುಸ್ತಕಗಳಂತೆ ಅವು, ಹೌದಾ ಮೇಡಂ?"

ನಾನು ಏನು ಓದಿದವಳು ಅಂತ ಗೊತ್ತಾದ ಕೂಡಲೇ ಹಾಸನದಲ್ಲಿ ಎಲ್ಲರೂ ಕೇಳುವುದು ಇದನ್ನೇ. ಬ್ಯಾಂಕಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರೊಬ್ಬರು ನನ್ನ ಬಾಯಿಗೆ ಹತ್ತಿ ತುರುಕಿ ಕೇಳಿದ್ದರು. ಕೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಈಗೊಂದು ದೊಡ್ಡ ಗುಟ್ಟು ಹೊರಬೀಳುತ್ತದೆ ಅಂತ ಕಾಯುತ್ತಾರೆ, ಪಾಪ.

ಯೇಸುಸ್ವಾಮಿಯ ನಂತರದ ಕೆಲವು ಶತಮಾನಗಳಲ್ಲಿ ಕ್ರೈಸ್ತರು ಬೇಕಾದಷ್ಟು ಬರೆದರು. ಅದರಲ್ಲಿ ಬೈಬಲ್ಲಿನ ಪಟ್ಟಿಗೆ ಸೇರದೆ ಉಳಿದ ಬರಹಗಳೇ ನನ್ನ ಓದು. ಯೇಸುವಿನ ಬಾಲ್ಯ, ಮರಿಯಮ್ಮನವರ ಅಪ್ಪ ಅಮ್ಮನ ಕಥೆ, ಪ್ರೇಷಿತರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ, ಊರೂರು ತಿರುಗಾಟ, ಹೀಗೆ. ಇವುಗಳಿಗೆ ಅಪಾಕ್ರಿಫಾ ಅನ್ನುತ್ತಾರೆ. ಆ ಗ್ರೀಕ್ ಮಾತಿಗೆ 'ಬಚ್ಚಿಟ್ಟದ್ದು' ಅಂತಲೇ ಅರ್ಥ. ಅರ್ಧ ಗೊಂದಲ ಹುಟ್ಟಿದ್ದೇ ಹೆಸರಿನಿಂದ.

ನನ್ನ ಉತ್ತರ ಯಾವಾಗಲೂ ಒಂದೇ. ಡಿಸೆಂಬರಿನಲ್ಲಿ ನಮ್ಮ ಮನೆಗೆ ಬನ್ನಿ, ಕ್ರಿಸ್ಮಸ್ಸಿಗೆ ಯೇಸು ಹುಟ್ಟಿದ ಜಾಗ ಅಂತ ಗೊಂಬೆ ಇಟ್ಟು ಮಾಡುವ ಗೋದಲಿ ನೋಡಿ.

ಬಣ್ಣ ಹಚ್ಚಿದ ಕಾಗದವನ್ನು ಮುದುಡಿ ಗುಹೆ ಮಾಡಿರುತ್ತೇವೆ. ಮುಂದೆ ಟ್ರೇಯಲ್ಲಿ ಬೆಳೆಸಿದ ರಾಗಿ ಪೈರು. ಒಳಗೆ ಮಗು, ಮರಿಯಮ್ಮ, ಜೋಸೆಫರು. ಒಂದು ಕಡೆ ಎತ್ತು, ಇನ್ನೊಂದು ಕಡೆ ಕತ್ತೆ. ನಮ್ಮ ಮನೆಯ ಕತ್ತೆಗೆ ಒಂದು ಕಿವಿ ಮುರಿದಿದೆ, ಎಂ-ಸೀಲ್ ಹಾಕಿ ಅಂಟಿಸಿದ್ದೇವೆ. ಈಗ ಶುಭಸಂದೇಶ, ಅಂದರೆ ಬೈಬಲ್ಲಿನಲ್ಲಿರುವ ಯೇಸುವಿನ ಕಥೆ, ತೆಗೆದು ನೋಡಿ. ಮತ್ತಾಯನಲ್ಲೂ ಲೂಕನಲ್ಲೂ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಲೂಕ ಹೇಳುವುದು ಮಗುವನ್ನು ಮೇವಿನ ತೊಟ್ಟಿಯಲ್ಲಿ ಮಲಗಿಸಿದರು ಅಂತ, ಅಷ್ಟೇ. ಗುಹೆಯೂ ಇಲ್ಲ. ಅದು ಬರುವುದು 2ನೇ ಶತಮಾನದ ಒಂದು ಪುಸ್ತಕದಲ್ಲಿ. ಯೇಸುವಿನ ಸೋದರ ಅನ್ನಿಸಿಕೊಂಡ ಯಕೋಬ ಬರೆದದ್ದು ಅಂತ ಅದು ಹೇಳಿಕೊಂಡಿದೆ, ಆದರೆ ಅವನದ್ದಲ್ಲ. ಎತ್ತು ಕತ್ತೆ 4ನೇ ಶತಮಾನದ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಕೆತ್ತನೆಯಾಗಿ ಬಂದುಬಿಟ್ಟಿವೆ. ಆಮೇಲೆ ಯಾವಾಗಲೋ, ಮತ್ತಾಯನ ಹೆಸರು ಹೊತ್ತ ಒಂದು ಲ್ಯಾಟಿನ್ ಪುಸ್ತಕ ಅವುಗಳನ್ನು ಕಥೆಯೊಳಗೆ ಕರೆದುಕೊಂಡಿತು. ಮೊದಲು ಕಲ್ಲು, ಆಮೇಲೆ ಕಥೆ. ಬೇಲೂರು, ಹಳೇಬೀಡು ನೋಡಿ ಬೆಳೆದವರಿಗೆ ಇದು ವಿಚಿತ್ರ ಅನಿಸಬಾರದು.

ಮಗುವನ್ನು ನೋಡಲು ದೂರದಿಂದ ಬಂದ ಮೂರು ರಾಜರ ಕಥೆ ಇನ್ನೂ ಮಜಾ. ಮತ್ತಾಯ ಅವರನ್ನು ರಾಜರು ಅನ್ನುವುದಿಲ್ಲ, ಮೂವರು ಅಂತಲೂ ಅನ್ನುವುದಿಲ್ಲ, ಹೆಸರನ್ನೂ ಕೊಡುವುದಿಲ್ಲ. ಆಮೇಲಿನ ಕಾಲದವರು ಕೊಟ್ಟ ಹೆಸರುಗಳಲ್ಲಿ ಒಂದು ಗಾಸ್ಪರ್. ಅದು ಗೊಂಡೋಫರ್ನೆಸ್ ಅನ್ನುವ ಹೆಸರು ಸವೆದು ಆದದ್ದು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಅವನು 1ನೇ ಶತಮಾನದಲ್ಲಿ ತಕ್ಷಶಿಲೆಯ ಕಡೆ ಆಳಿದ ರಾಜ. ಅಂದರೆ ನಮ್ಮ ಗೋದಲಿಯಲ್ಲಿ ಒಂಟೆ ಹಿಡಿದು ನಿಂತಿರುವ ಒಬ್ಬ, ನಮ್ಮ ಕಡೆಯವನೇ ಇರಬಹುದು!

ಆ ರಾಜ ಸಂತ ತೋಮನ ಕಥೆಯಲ್ಲೂ ಇದ್ದಾನೆ. 3ನೇ ಶತಮಾನದ ಕಥೆ, ಸಿರಿಯಾಕ್ ಭಾಷೆಯದು. ಪ್ರೇಷಿತರು ಚೀಟಿ ಎತ್ತಿ ದೇಶಗಳನ್ನು ಹಂಚಿಕೊಳ್ಳುತ್ತಾರೆ. ತೋಮನಿಗೆ ಇಂಡಿಯಾ ಬೀಳುತ್ತದೆ. ನಾನು ಹೋಗಲ್ಲ ಅಂತ ಹಟ ಹಿಡಿಯುತ್ತಾನೆ. ಆಗ ಯೇಸು ಸ್ವತಃ ಪೇಟೆಗೆ ಬಂದು, ಹಬ್ಬಾನ್ ಅನ್ನುವ ವ್ಯಾಪಾರಿಗೆ ತೋಮನನ್ನು ಆಳಾಗಿ ಮಾರಿಬಿಡುತ್ತಾರೆ, ಕ್ರಯಪತ್ರ ಬರೆದುಕೊಟ್ಟು. ತೋಮ ಬಡಗಿ. ಅರಮನೆ ಕಟ್ಟು ಅಂತ ರಾಜ ದುಡ್ಡು ಕೊಡುತ್ತಾನೆ. ಇವನು ಅಷ್ಟನ್ನೂ ಬಡವರಿಗೆ ಹಂಚುತ್ತಾನೆ. ರಾಜ ಬಂದು ಕೇಳಿದರೆ, ಅರಮನೆ ಆಗಿದೆ, ನೀವು ಸತ್ತ ಮೇಲೆ ಕಾಣುತ್ತದೆ ಅನ್ನುತ್ತಾನೆ. ಬಿಲ್ಲು ಪಾಸಾಗಿದೆ, ಕಟ್ಟಡ ಮಾತ್ರ ಕಾಣುತ್ತಿಲ್ಲ. ನಮಗೆ ಗೊತ್ತಿಲ್ಲದ ಕಥೆಯೇನಲ್ಲ ಬಿಡಿ. ರಾಜ ಜೈಲಿಗೆ ಹಾಕುತ್ತಾನೆ. ಅಷ್ಟರಲ್ಲಿ ಅವನ ತಮ್ಮ ಸತ್ತು, ಸ್ವರ್ಗದಲ್ಲಿ ನಿಜವಾಗಿಯೂ ಆ ಅರಮನೆ ನೋಡಿ, ಜೀವ ಪಡೆದು ವಾಪಸ್ ಬಂದು, "ಅಣ್ಣಾ, ಅದನ್ನು ನನಗೆ ಮಾರು" ಅನ್ನುತ್ತಾನೆ.

ಇದೆಲ್ಲ ಕಟ್ಟುಕಥೆ, ಅಂಥ ರಾಜ ಇರಲೇ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದರು. 19ನೇ ಶತಮಾನದಲ್ಲಿ ಅವನ ಹೆಸರಿನ ನಾಣ್ಯಗಳು ಸಿಕ್ಕವು. ಎನ್.ಆರ್.ಪುರದ ಕಡೆಯಿಂದ ಬಂದ ನಮ್ಮ ಪಕ್ಕದ ಮನೆಯ ಮಲಯಾಳಿ ಚೇಟನಿಗೆ ಈ ನಾಣ್ಯದ ಮಾತು ಎಷ್ಟು ಹೇಳಿದರೂ ಸಾಲದು. "ನೋಡಿದ್ರಾ, ತೋಮಾಶ್ಲೀಹ ಕೇರಳಕ್ಕೆ ಬಂದಿದ್ದು ಪ್ರೂವ್ ಆಯ್ತು" ಅನ್ನುತ್ತಾರೆ. ಆಗಿಲ್ಲ. ರಾಜ ಇದ್ದ ಅಂತ ಆಯಿತು. ಅದೂ ವಾಯವ್ಯದಲ್ಲಿ, ಕೇರಳದಲ್ಲಲ್ಲ. ಇಷ್ಟು ಹೇಳಿದ ದಿನ ಅವರ ಮನೆಯಿಂದ ಮೀನು ಸಾರು ಬರುವುದಿಲ್ಲ.

ನಾನು ಇದಕ್ಕೆ ಬಿದ್ದದ್ದು ಅಜ್ಜಿಯಿಂದ. ಅಜ್ಜಿ ಶೆಟ್ಟಿಹಳ್ಳಿಯವಳು. ಈಗ ಎಲ್ಲರೂ ಫೋಟೋ ತೆಗೆಯಲು ಹೋಗುತ್ತಾರಲ್ಲ, ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗುವ ಹಳೇ ಚರ್ಚು, ಅದೇ ಊರು. ಗೊರೂರು ಅಣೆಕಟ್ಟೆಗೆ ಊರು ಹೋಯಿತು. ಫ್ರೆಂಚ್ ಸ್ವಾಮಿಗಳು 1860ರ ದಶಕದಲ್ಲಿ ಕಟ್ಟಿದ ಗೋಡೆ ಉಳಿಯಿತು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಜುಲೈ 26 ಬಂತೆಂದರೆ ಅನ್ನಮ್ಮನ ಕಥೆ ಹೇಳಲೇಬೇಕು. ಅನ್ನಮ್ಮ, ಜೋಕಿಮ್ ಅಂದರೆ ಮರಿಯಮ್ಮನ ತಾಯಿ ತಂದೆ. ಮಕ್ಕಳಿಲ್ಲ ಅಂತ ದೇವಾಲಯದಲ್ಲಿ ಜೋಕಿಮ್‌ನ ಕಾಣಿಕೆಗೆ ಅಡ್ಡಿ ಮಾಡುತ್ತಾರೆ. ಅವನು ಮುಖ ತೋರಿಸಲಾಗದೆ ಕಾಡಿಗೆ ಹೋಗುತ್ತಾನೆ. ಅನ್ನಮ್ಮ ತೋಟದಲ್ಲಿ ಹಲಸಿನ ಮರದ ಕೆಳಗೆ ಕೂತು ಮೇಲೆ ನೋಡಿದರೆ ಗುಬ್ಬಿಗೂಡು. "ಹಕ್ಕಿಗೂ ಮರಿ ಅದೆ, ನಂಗಿಲ್ವಲ್ಲಪ್ಪಾ" ಅಂತ ಅಳುತ್ತಾಳೆ. ಇಲ್ಲಿಗೆ ಬಂದಾಗ ಅಜ್ಜಿಯೂ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಧರ್ಮೋಪದೇಶದ ತರಗತಿಯಲ್ಲಿ ಈ ಕಥೆಯನ್ನು ಬೈಬಲ್ಲಿನಲ್ಲಿ ಹುಡುಕಿದೆ. ಇಲ್ಲ. ಅನ್ನಮ್ಮನ ಹೆಸರೂ ಇಲ್ಲ. ಫಾದರ್ ಹತ್ತಿರ ಕೇಳಿದರೆ, "ಅದು ಪರಂಪರೆಯಿಂದ ಬಂದದ್ದು ಮಗು" ಅಂದು ಸುಮ್ಮನಾದರು. ಮನೆಗೆ ಬಂದು ಅಜ್ಜಿಗೆ ಹೇಳಿದೆ. "ನಿನ್ ಪುಸ್ತಕದಲ್ಲಿ ಇಲ್ದಿದ್ರೆ ನಾನೇನ್ ಮಾಡ್ಲಿ? ದಿಟ ಕಣವ್ವಾ" ಅಂದಳು. ಎಷ್ಟೋ ವರ್ಷದ ಮೇಲೆ ಮೈಸೂರಿನ ಲೈಬ್ರರಿಯಲ್ಲಿ ಆ ಯಕೋಬನ ಪುಸ್ತಕದ ಅನುವಾದ ಕೈಗೆ ಸಿಕ್ಕಿತು. ಕಾಣಿಕೆಯ ಅವಮಾನ ಇತ್ತು, ತೋಟ ಇತ್ತು, ಗುಬ್ಬಿಗೂಡು ಇತ್ತು, ಅಳುವಿನ ಮಾತೂ ಹೆಚ್ಚುಕಡಿಮೆ ಅದೇ. ಮರ ಮಾತ್ರ ಬೇರೆ, ಲಾರೆಲ್. ಹದಿನೆಂಟು ನೂರು ವರ್ಷ ಹಳೆಯ ಗ್ರೀಕ್ ಪುಸ್ತಕ, ಓದಲು ಬಾರದ ಶೆಟ್ಟಿಹಳ್ಳಿಯ ಹೆಂಗಸಿನ ಬಾಯಿಗೆ ಬರುವಷ್ಟು ದಾರಿ ನಡೆದಿತ್ತು. ಅವತ್ತು ಮಧ್ಯಾಹ್ನ ನಾನು ಊಟಕ್ಕೆ ಹೋಗಲಿಲ್ಲ.

ಈ ಪುಸ್ತಕವನ್ನು ತಿರಸ್ಕರಿಸಿ ಅಂತ 6ನೇ ಶತಮಾನದ ಒಂದು ಲ್ಯಾಟಿನ್ ಪಟ್ಟಿ ಹೆಸರು ಹಿಡಿದೇ ಹೇಳುತ್ತದೆ. ಆದರೂ ಅದರ ಗ್ರೀಕ್ ಹಸ್ತಪ್ರತಿಗಳೇ ನೂರಕ್ಕಿಂತ ಜಾಸ್ತಿ ಉಳಿದಿವೆ. ಅನ್ನಮ್ಮನಿಗೆ ಹಬ್ಬ ಇದೆ. ಬಚ್ಚಿಡುವವರು ನೂರು ಪ್ರತಿ ತೆಗೆಸಿ, ವರ್ಷಕ್ಕೊಮ್ಮೆ ಪೂಜೆ ಇಡುತ್ತಾರಾ?

ಇಲ್ಲಿಗೆ ಬಂದಾಗ ಯಾರಾದರೂ ಕಾನ್‌ಸ್ಟಂಟೈನ್ ಚಕ್ರವರ್ತಿಯನ್ನು ಎಳೆದು ತರುತ್ತಾರೆ. 325ರಲ್ಲಿ ನೈಸಿಯಾದಲ್ಲಿ ಸಭೆ ಕೂಡಿಸಿ, ಓಟು ಹಾಕಿಸಿ, ಬೇಡದ ಪುಸ್ತಕ ಸುಡಿಸಿದ ಅಂತ. ಒಂದು ಇಂಗ್ಲಿಷ್ ಕಾದಂಬರಿ, ಆಮೇಲೆ ಅದರ ಸಿನಿಮಾ ಮಾಡಿದ ಉಪಕಾರ ಇದು. ಆ ಸಭೆಯ ಜಗಳ ಮಗ ತಂದೆಗೆ ಸಮಾನನೋ ಅಲ್ಲವೋ ಅನ್ನುವುದರ ಬಗ್ಗೆ. ಪುಸ್ತಕದ ಪಟ್ಟಿ ಅಲ್ಲಿ ತೀರ್ಮಾನ ಆಗಲಿಲ್ಲ. ಈಗಿನ ಹೊಸ ಒಡಂಬಡಿಕೆಯ 27 ಪುಸ್ತಕಗಳು ಸರಿಯಾಗಿ ಅಷ್ಟೇ ಆಗಿ ಮೊದಲು ಕಾಣುವುದು 367ರಲ್ಲಿ, ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಬರೆದ ಒಂದು ಕಾಗದದಲ್ಲಿ. ನಮ್ಮ ಹಲ್ಮಿಡಿ ಶಾಸನಕ್ಕಿಂತ ಸುಮಾರು 80 ವರ್ಷ ಮೊದಲು ಅಂತ ಲೆಕ್ಕ ಇಟ್ಟುಕೊಳ್ಳಿ. ಆ ಕಾಗದದ ಮೇಲೂ ಎಲ್ಲ ಕಡೆ ಒಂದೇ ಪಟ್ಟಿ ಆಗಲಿಲ್ಲ.

ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ನಮಗೆಲ್ಲ ಚಂದ್ರಹಾಸನ ಕಥೆ ಕೊಟ್ಟ. ಗಮಕದಲ್ಲಿ ಕೇಳಿದ್ದೇವೆ, ಯಕ್ಷಗಾನದಲ್ಲಿ ನೋಡಿದ್ದೇವೆ. ವ್ಯಾಸಭಾರತದಲ್ಲಿ ಆ ಕಥೆ ಇಲ್ಲ, ಜೈಮಿನಿಯದ್ದು. ಹಾಗಂತ ವ್ಯಾಸರು ಬಚ್ಚಿಟ್ಟರಾ ಅಂತ ದೇವನೂರಿನಲ್ಲಿ ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ಒಂದು ದೊಡ್ಡ ಕಥೆ ಇದ್ದಲ್ಲಿ ಪಕ್ಕದಲ್ಲಿ ಇನ್ನೊಂದು ಚಿಗುರುತ್ತದೆ. ಕ್ರೈಸ್ತರ ವಿಷಯ ಬಂದಾಗ ಮಾತ್ರ ಪತ್ತೇದಾರಿ ಕಾದಂಬರಿ ಯಾಕೆ ಬೇಕು?

ಹಾಗಂತ ಎಲ್ಲವೂ ಉಳಿಯಿತು ಅಂತಲ್ಲ. ಎಷ್ಟೋ ಪುಸ್ತಕ ಹೋಗಿವೆ. ಬಿಷಪ್ಪರ ಕೋಪಕ್ಕೆ ಕೆಲವು ಹೋಗಿರಬಹುದು. ಆದರೆ ಜಾಸ್ತಿ ಹೋಗಿದ್ದು ಪ್ರತಿ ಮಾಡುವವರಿಲ್ಲದೆ. ತಾಳೆಗರಿ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಹುಳ ಹಿಡಿಯುವ ಮೊದಲು ಯಾರಾದರೂ ಕೂತು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಜಿಪ್ಟಿನ ಒಣ ಮರಳು ಮಾತ್ರ ಕೆಲವನ್ನು ಕಾಪಾಡಿತು. 1945ರಲ್ಲಿ ನಾಗ್ ಹಮ್ಮಾದಿ ಹತ್ತಿರ ಕಾಪ್ಟಿಕ್ ಭಾಷೆಯ 13 ಹೊತ್ತಗೆಗಳು ಸಿಕ್ಕವು. ಗೊಬ್ಬರದ ಮಣ್ಣು ಅಗೆಯಲು ಹೋದವನಿಗೆ ಜಾಡಿಯಲ್ಲಿ ಸಿಕ್ಕಿತು, ಅವನ ತಾಯಿ ಕೆಲವು ಹಾಳೆ ಒಲೆಗೆ ಹಾಕಿದಳು ಅನ್ನುವುದು ಪ್ರಸಿದ್ಧ ಕಥೆ. ಈಚೆಗೆ ಆ ಕಥೆಯ ಬಗ್ಗೆಯೇ ವಿದ್ವಾಂಸರಿಗೆ ಅನುಮಾನ ಬಂದಿದೆ! ಆ ಹೊತ್ತಗೆಗಳ ಒಳಗೆ ತೋಮನ ಶುಭಸಂದೇಶ ಪೂರ್ತಿ ಇತ್ತು. ಯೇಸುವಿನ 114 ಮಾತುಗಳು, ಹುಟ್ಟು ಸಾವು ಯಾವ ಕಥೆಯೂ ಇಲ್ಲ, ಬರೀ ಮಾತು.

ಆ ಮಾತುಗಳಲ್ಲಿ ಕೆಲವು ಗ್ರೀಕ್‌ನಲ್ಲಿ ಮೊದಲೇ ಸಿಕ್ಕಿದ್ದವು, ಯಾವ ಪುಸ್ತಕದ್ದು ಅಂತ ಗೊತ್ತಿರಲಿಲ್ಲ ಅಷ್ಟೇ. ಸಿಕ್ಕಿದ್ದು ಆಕ್ಸಿರಿಂಕಸ್ ಅನ್ನುವ ಹಳೇ ಪಟ್ಟಣದ ತಿಪ್ಪೆಯಲ್ಲಿ. ಗ್ರೆನ್‌ಫೆಲ್ ಮತ್ತು ಹಂಟ್ ಅನ್ನುವ ಇಬ್ಬರು ಇಂಗ್ಲಿಷರು ಅಗೆದರು, 1897ರಲ್ಲಿ ಮೊದಲ ಚೂರು ಅಚ್ಚಾಯಿತು. ಆ ಊರಿನ ಹೆಸರು ಕನ್ನಡದವರಿಗೆ ಎಲ್ಲೋ ಕೇಳಿದ ಹಾಗೆ ಅನಿಸುತ್ತಾ? ಅನಿಸಬೇಕು. ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತು ಇದೆ ಅಂತ ಶಾಲೆಯಲ್ಲಿ ಮೇಷ್ಟ್ರು ಎದೆಯುಬ್ಬಿಸಿ ಹೇಳುತ್ತಿದ್ದರಲ್ಲ, ಆ ನಾಟಕದ ಹಾಳೆ ಸಿಕ್ಕಿದ್ದೂ ಇದೇ ತಿಪ್ಪೆಯಲ್ಲಿ. ಭಾರತದ ಕರಾವಳಿಯಲ್ಲಿ ಸೆರೆ ಸಿಕ್ಕ ಕ್ಯಾರಿಟಿಯಾನ್ ಅನ್ನುವ ಹುಡುಗಿಯನ್ನು, ಅಲ್ಲಿಯವರಿಗೆ ನೀರು ಬೆರೆಸದ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ನಾಟಕ. ಅದು 1903ರಲ್ಲಿ ಅಚ್ಚಾಯಿತು. ಅದರಲ್ಲಿ ಬರುವ ಅರ್ಥವಾಗದ ಮಾತು ಕನ್ನಡ ಅಂತ ಮರುವರ್ಷವೇ ಹುಲ್ಟ್ಶ್ ಅನ್ನುವ ಜರ್ಮನ್ ವಿದ್ವಾಂಸ ವಾದ ಮಾಡಿದ. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಮುಂದುವರಿಸಿದರು. ಸುಮ್ನೆ ನಗಿಸಲು ಬರೆದ ಬಡಬಡಿಕೆ ಅನ್ನುವವರೂ ಇದ್ದಾರೆ. ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ನಿಜವಾಗಿರಲಿ ಅಂತ ಆಸೆ ಇದೆ, ಅದನ್ನು ಮುಚ್ಚಿಡುವುದಿಲ್ಲ.

"ಬೇರೆಯವರ ಹೆಸರಲ್ಲಿ ಬರೆದದ್ದು ಮೋಸ ಅಲ್ವಾ?" ಅಂತಲೂ ಕೇಳುತ್ತಾರೆ. ಕೆಲವು ಸಲ ಮೋಸವೇ. 2012ರಲ್ಲಿ ಯೇಸು "ನನ್ನ ಹೆಂಡತಿ" ಅನ್ನುವ ಪಪೈರಸ್ ಚೂರು ಅಂತ ದೊಡ್ಡ ಸುದ್ದಿಯಾಯಿತು. ಅದು ಈ ಕಾಲದವರು ಯಾರೋ ಮಾಡಿದ ಖೋಟಾ ಅಂತ ಆಮೇಲೆ ಗೊತ್ತಾಯಿತು. ಹಳೆಯವರ ವಿಷಯ ಅಷ್ಟು ಸಲೀಸಲ್ಲ. ನಮ್ಮಲ್ಲಿ ಸರ್ವಜ್ಞನ ಅಂಕಿತ ಹಾಕಿ ಎಷ್ಟು ಜನ ತ್ರಿಪದಿ ಕಟ್ಟಿಲ್ಲ? ವಚನಗಳಲ್ಲಿ ಪ್ರಕ್ಷಿಪ್ತ ಯಾವುದು ಅಂತ ಪಂಡಿತರು ಇವತ್ತಿಗೂ ಆರಿಸುತ್ತಿದ್ದಾರೆ. ಪೌಲನ ಶಿಷ್ಯೆ ತೆಕ್ಲಾಳ ಕಥೆ ಬರೆದ ಒಬ್ಬ ಪಾದ್ರಿ ಸಿಕ್ಕಿಬಿದ್ದನಂತೆ. "ಪೌಲನ ಮೇಲಿನ ಪ್ರೀತಿಯಿಂದ ಬರೆದೆ" ಅಂದನಂತೆ. ಕೆಲಸ ಹೋಯಿತು ಅಂತ ತೆರ್ತುಲ್ಲಿಯನ್ ಅನ್ನುವ ಹಳೇ ಕಾಲದ ಕ್ರೈಸ್ತ ಲೇಖಕ ಬರೆದಿಟ್ಟಿದ್ದಾನೆ. ತೆಕ್ಲಾ ಮಾತ್ರ ಸಂತಳಾಗಿ ಉಳಿದಳು.

ಇದನ್ನು ಓದಿದರೆ ಕೆಲಸ ಸಿಗುತ್ತಾ? ಸುಲಭಕ್ಕೆ ಸಿಗಲ್ಲ. ಮಾನಸಗಂಗೋತ್ರಿಯಲ್ಲಿ ಕ್ರೈಸ್ತ ಧರ್ಮದ ಅಧ್ಯಯನಕ್ಕೆ ಒಂದು ವಿಭಾಗ ಇದೆ, ನಾನು ಎಂ.ಎ. ಮಾಡಿದ್ದು ಅಲ್ಲಿ. ಸಿರಿಯಾಕ್ ಕಲಿಯಲು ಕೊಟ್ಟಾಯಂಗೆ ಹೋದೆ. ಗ್ರೀಕ್ ಅರ್ಧ ಬಂದಮೇಲೆ ಕಾಪ್ಟಿಕ್. ಕಲಿತು ಮುಗಿಯುವಷ್ಟರಲ್ಲಿ ಜೊತೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಒಂದು ಇಂಟರ್‌ವ್ಯೂನಲ್ಲಿ, "ಇದರಿಂದ ಹಾಸನದ ರೈತನಿಗೆ ಏನು ಉಪಯೋಗ?" ಅಂತ ಕೇಳಿದರು. ಏನೂ ಇಲ್ಲ ಸರ್ ಅಂದೆ. ಕೆಲಸ ಕೊಡಲಿಲ್ಲ. ಕೊನೆಗೆ ವರ್ಷಗಟ್ಟಲೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ, ರಾತ್ರಿ ಇದನ್ನು ಮಾಡಿದೆ.

ಈಗ ಪ್ರೇಷಿತ ಯೊವಾನ್ನರ ತಿರುಗಾಟದ ಕಥೆಯನ್ನು ಗ್ರೀಕ್‌ನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಯೊವಾನ್ನರು ಶಿಷ್ಯರ ಜೊತೆ ಎಫೆಸಕ್ಕೆ ಹೋಗುತ್ತಾ ದಾರಿಯಲ್ಲಿ ಒಂದು ಪಾಳು ಛತ್ರದಲ್ಲಿ ಉಳಿಯುತ್ತಾರೆ. ಇರುವುದು ಒಂದೇ ಮಂಚ. ಗುರುಗಳಿಗೆ ಅದನ್ನು ಬಿಟ್ಟು ಉಳಿದವರು ನೆಲದಲ್ಲಿ ಮಲಗುತ್ತಾರೆ. ಮಂಚದ ತುಂಬ ತಿಗಣೆ. ಮುದುಕರಿಗೆ ನಿದ್ದೆ ಇಲ್ಲ. ಕೊನೆಗೆ ತಿಗಣೆಗಳಿಗೇ ಹೇಳುತ್ತಾರೆ: ಸ್ವಲ್ಪ ತಿಳಿವಳಿಕೆಯಿಂದ ನಡೆದುಕೊಳ್ಳಿ, ಈ ಒಂದು ರಾತ್ರಿ ಮನೆ ಬಿಟ್ಟು ಎಲ್ಲಾದರೂ ಸುಮ್ಮನಿರಿ. ಶಿಷ್ಯರು ನಗುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಹತ್ತಿರ ತಿಗಣೆಗಳ ರಾಶಿ ಕಾಯುತ್ತಾ ನಿಂತಿದೆ. ಒಳ್ಳೆಯದಾಗಿ ನಡೆದುಕೊಂಡಿರಿ, ಇನ್ನು ಒಳಗೆ ಹೋಗಿ ಅನ್ನುತ್ತಾರೆ. ಅವು ಓಡಿ ಬಂದು, ಮಂಚದ ಕಾಲು ಹತ್ತಿ, ಸಂದಿಯೊಳಗೆ ಸೇರಿಕೊಳ್ಳುತ್ತವೆ.

ಗ್ರೀಕ್‌ನಲ್ಲಿ ಅದು ಬರೀ ಬಹುವಚನ. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. "ಹೋಗಿ" ಅಂದರೆ ಬ್ಯಾಂಕಿನ ಕೌಂಟರಿನಲ್ಲಿ ಹೇಳಿದ ಹಾಗಾಗುತ್ತದೆ. "ಹೋಗ್ರೋ" ಅಂದರೆ ಬೈದ ಹಾಗೆ. ಯೊವಾನ್ನರು ಬೈಯುತ್ತಿಲ್ಲ. ತಿಂಗಳಿಂದ ಇದೊಂದು ವಾಕ್ಯದ ಹತ್ತಿರ ಕೂತಿದ್ದೆ. ಮೊನ್ನೆ ಬೆಲ್ಲದ ಡಬ್ಬಕ್ಕೆ ಇರುವೆ ಹತ್ತಿದ್ದು ನೋಡಿ, ಅಜ್ಜಿ ಡಬ್ಬ ತಟ್ಟುತ್ತಾ ಅವುಗಳ ಜೊತೆ ಮಾತಾಡುತ್ತಿದ್ದದ್ದು ನೆನಪಾಯಿತು. ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ: "ಈ ಒಂದು ರಾತ್ರಿ ಒಸಿ ಆಚೆ ಹೋಗ್ರಪ್ಪಾ."