ಹತ್ತು ಬಗೆ ಎಲೆ ತನ್ನಿ ಅಂದೆ

ಜೈಸಲ್ಮೇರ್ ಸೀಮೆಯ ಒಂದು ಸರಕಾರಿ ಶಾಲೆಯ ಅಂಗಳ. ಜನವರಿ ತಿಂಗಳ ಬೆಳಿಗ್ಗೆ, ಶಿಕ್ಷಕರಿಗೆ ಪರಿಸರ ಪಾಠದ ಕಾರ್ಯಾಗಾರ. ಎದುರಿಗೆ ಮೂವತ್ತು ಚಿಲ್ಲರೆ ಶಿಕ್ಷಕರು, ಎಲ್ಲರೂ ಶಾಲು ಸುತ್ತಿಕೊಂಡು ಕೂತಿದ್ದರು. ನಾನು ನನ್ನ ಹರುಕು ಮುರುಕು ಹಿಂದಿಯಲ್ಲಿ, 'ಅರ್ಧ ಗಂಟೆ ಟೈಮು. ಹೊರಗೆ ಹೋಗಿ ಹತ್ತು ಬಗೆ ಎಲೆ ತನ್ನಿ' ಅಂದೆ.

ಶಿರಸಿ, ಸಿದ್ದಾಪುರದ ಕಡೆ ಈ ಚಟುವಟಿಕೆ ನನಗೆ ಯಾವತ್ತೂ ಕೈಕೊಟ್ಟಿರಲಿಲ್ಲ. ಶಾಲೆ ಹಿಂದಿನ ಧರೆ ಹತ್ತಿ ಇಳಿದರೆ ಹಲಸು, ಮತ್ತಿ, ಹೊನ್ನೆ, ನೇರಳೆ, ದಾಲ್ಚಿನ್ನಿ ಎಲ್ಲ ಸಿಗುತ್ತವೆ. ಹತ್ತು ಅಂದರೆ ಮೂವತ್ತು ತರುತ್ತಾರೆ. ಅದನ್ನು ನೆಲದ ಮೇಲೆ ಹರವಿ ಆಕಾರ, ಅಂಚು, ನರ ಅಂತ ವಿಂಗಡಿಸಿದರೆ ಎರಡು ಗಂಟೆ ಕಳೆದದ್ದೇ ಗೊತ್ತಾಗೋದಿಲ್ಲ. ಶಿಕ್ಷಕರಿಗೂ ಖುಷಿ, ನಮಗೂ ಖುಷಿ. ಅದೇ ಧೈರ್ಯದ ಮೇಲೆ ಅದೇ ಬ್ಯಾಗನ್ನು ಎತ್ತಿಕೊಂಡು ಮರುಭೂಮಿಗೆ ಹೋಗಿದ್ದೆ.

ಅರ್ಧ ಗಂಟೆ ಅಂದವರು ಕಾಲು ಗಂಟೆಗೇ ವಾಪಸ್ ಬಂದರು. ಶಾಲೆಯವರೇ ನೆಟ್ಟ ಬೇವು, ಎಕ್ಕ, ಒಂದು ಜಾಲಿ. ಮುಗೀತು. ಒಬ್ಬ ಮಾಸ್ತರರು ಮಾತ್ರ ಹಸಿರು ಕಡ್ಡಿಗಳ ಕಟ್ಟನ್ನು ತಂದು ನನ್ನ ಮುಂದೆ ಇಟ್ಟರು. ಅದು ಕೇರ್ ಅನ್ನುವ ಪೊದೆ. 'ಎಲೆ ಎಲ್ಲಿ?' ಅಂತ ಕೇಳಿದೆ. 'ಇದಕ್ಕೆ ಎಲೆ ಇರೋದಿಲ್ಲ ಸರ್‌ಜಿ. ಚಿಗುರುವಾಗ ಒಂದಿಷ್ಟು ದಿನ ಸಣ್ಣದಾಗಿ ಬಂದು ಉದುರಿ ಹೋಗ್ತವೆ. ಕಡ್ಡಿಯೇ ಎಲೆಯ ಕೆಲಸ ಮಾಡ್ತದೆ' ಅಂದರು. ನೀರು ಉಳಿಸುವ ಲೆಕ್ಕದಲ್ಲಿ ಎಲೆ ಅನ್ನುವುದು ದುಬಾರಿ ಸಾಮಾನು. ಅದನ್ನೇ ಕೈಬಿಟ್ಟ ಗಿಡ ಅದು. ಒಳ್ಳೆಯ ಪಾಠ. ಆದರೆ ಆ ಪಾಠ ನನ್ನ ಬ್ಯಾಗಿನಲ್ಲಿ ಇರಲಿಲ್ಲ, ಅವರ ಕೈಯಲ್ಲಿತ್ತು.

ಸುಮ್ಮನಿದ್ದರೆ ಮರ್ಯಾದೆ ಅಷ್ಟಕ್ಕೇ ಉಳೀತಿತ್ತು. ನಾನು ಸುಮ್ಮನಿರಲಿಲ್ಲ. ದಾರಿಯುದ್ದಕ್ಕೂ ಬೋಳು ಬೋಳಾಗಿ ಕಂಡ ಮರಗಳನ್ನು ತೋರಿಸಿ, 'ಈ ಮರಗಳನ್ನು ಯಾರು ಹೀಗೆ ಕಡಿದು ಹಾಳು ಮಾಡಿದ್ದು?' ಅಂತ ಬೇಸರದ ದನಿಯಲ್ಲಿ ಕೇಳಿಬಿಟ್ಟೆ.

ಅದು ಖೇಜಡಿ. ಅಂದರೆ ನಮ್ಮ ಬನ್ನಿ ಮರ. ದಸರೆಗೆ ಬಂಗಾರ ಅಂತ ಕೈಗೆ ಕೊಡುತ್ತಾರಲ್ಲ, ಅದೇ. ಅಲ್ಲಿ ಚಳಿಗಾಲದಲ್ಲಿ ಅದರ ಸೊಪ್ಪು ಸವರುತ್ತಾರೆ. ಒಣಗಿದ ಸೊಪ್ಪಿಗೆ ಲೂಂಗ್ ಅನ್ನುತ್ತಾರೆ. ಆಡು, ಒಂಟೆ, ದನಗಳಿಗೆ ಅದೇ ಮೇವು. ಬೇಸಿಗೆ ಬರುವ ಹೊತ್ತಿಗೆ, ಬೇರೆಲ್ಲ ಒಣಗುವಾಗ, ಈ ಮರ ಮತ್ತೆ ಚಿಗುರುತ್ತದೆ. ಹಿರಿಯ ಶಿಕ್ಷಕಿಯೊಬ್ಬರು ಇದನ್ನೆಲ್ಲ ಸಮಾಧಾನದಿಂದ ಹೇಳಿ ಕೊನೆಗೆ, 'ಸೊಪ್ಪು ಸವರೋದು ಬೇರೆ, ಮರ ಕಡಿಯೋದು ಬೇರೆ. ಮರ ಕಡಿಯೋದು ಬೇಡ ಅಂತ ನಮ್ಮವರು ಜೀವ ಕೊಟ್ಟಿದ್ದಾರೆ' ಅಂದರು.

1730ರ ಖೇಜಡ್ಲಿಯ ಮಾತು ಅದು. ಜೋಧಪುರದ ಅರಮನೆ ಕೆಲಸಕ್ಕೆ ಸುಣ್ಣ ಸುಡಲು ಕಟ್ಟಿಗೆ ಬೇಕು ಅಂತ ಮಹಾರಾಜ ಅಭಯ ಸಿಂಗನ ಆಳುಗಳು ಖೇಜಡಿ ಕಡಿಯಲು ಬಂದರು. ಅಮೃತಾದೇವಿ ಬಿಷ್ಣೋಯಿ ಮರ ಅಪ್ಪಿಕೊಂಡು ನಿಂತಳು. ಅವಳೂ ಸೇರಿ 363 ಜನ ಸತ್ತರು ಅಂತ ಅಲ್ಲಿಯವರು ಲೆಕ್ಕ ಹೇಳುತ್ತಾರೆ.

ನನಗೆ ನಾಚಿಕೆಯಾಗಿದ್ದು ಇತಿಹಾಸ ಗೊತ್ತಿಲ್ಲದ್ದಕ್ಕಲ್ಲ. ಅದು ಗೊತ್ತಿತ್ತು, ಸ್ಲೈಡಿನಲ್ಲೂ ಇತ್ತು. ಆದರೆ ನಾನು ಬಂದದ್ದು ಸೊಪ್ಪಿನ ಬೆಟ್ಟದ ಊರಿಂದ! ನಮ್ಮ ಅಡಿಕೆ ತೋಟಗಳು ನಿಂತದ್ದೇ ಬೆಟ್ಟದ ಸೊಪ್ಪು ಸವರಿ ದೊಡ್ಡಿಗೆ ಹಾಸಿ ಮಾಡಿದ ಗೊಬ್ಬರದ ಮೇಲೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಅಪ್ಪಿಕೋ ಶುರು ಮಾಡಿದ್ದೂ ಇದೇ ವ್ಯತ್ಯಾಸ ಗೊತ್ತಿದ್ದಕ್ಕೆ. ಸೊಪ್ಪು, ಕಟ್ಟಿಗೆ, ಜೇನು ಕೊಡುವ ಕಾಡು ಹೋದರೆ ತೋಟವೂ ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಇಷ್ಟೆಲ್ಲ ಕೇಳಿಕೊಂಡೇ ಬೆಳೆದ ನಾನು ಬೋಳು ಮರ ಕಂಡ ಕೂಡಲೇ 'ಹಾಳು' ಅಂದೆ.

ಮಧ್ಯಾಹ್ನದ ಮೇಲೆ ಸ್ಲೈಡು ಮುಚ್ಚಿಟ್ಟು, 'ನಿಮ್ಮ ಶಾಲೆಯ ಟಾಂಕಾ ತೋರಿಸಿ' ಅಂದೆ. ಟಾಂಕಾ ಅಂದರೆ ನೆಲದೊಳಗಿನ ಮುಚ್ಚಿದ ತೊಟ್ಟಿ. ಅದರ ಸುತ್ತ ಇಳಿಜಾರಾಗಿ ಗಟ್ಟಿಸಿದ ಅಂಗಳ, ಅದಕ್ಕೆ ಆಗೋರ್ ಅನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ ಆ ಅಂಗಳ ಗುಡಿಸಿ, ದನಕರು ಬಾರದ ಹಾಗೆ ಬೇಲಿ ಹಾಕುತ್ತಾರೆ. ಒಬ್ಬ ಮಾಸ್ತರರು ಕಡ್ಡಿಯಿಂದ ಮರಳಿನ ಮೇಲೆ ಲೆಕ್ಕ ಬರೆದರು. ನೂರು ಚದರ ಮೀಟರ್ ಅಂಗಳ, ವರ್ಷಕ್ಕೆ ಹೆಚ್ಚುಕಡಿಮೆ 200 ಮಿ.ಮೀ. ಮಳೆ. ಒಂದು ಹನಿಯೂ ಪೋಲಾಗದಿದ್ದರೆ 20,000 ಲೀಟರ್. ಐದು ಜನರ ಮನೆ, ಕುಡಿಯಲು ಅಡುಗೆಗೆ ತಲೆಗೆ ದಿನಕ್ಕೆ ಹತ್ತು ಲೀಟರ್. ವರ್ಷಕ್ಕೆ 18,250. 'ಸರಿಹೋಯ್ತಲ್ಲ' ಅಂತ ಕಡ್ಡಿ ಬಿಸಾಕಿದರು. ಐದನೇ ಕ್ಲಾಸಿನ ಗಣಿತ ಅಷ್ಟೇ. ಆದರೆ ಅದರಲ್ಲಿ ಊರಿನ ಜೀವ ಇತ್ತು.

ನನಗೆ ಭಾರಿ ಹುರುಪು ಬಂತು. ಅದೇ ಹುರುಪಿನಲ್ಲಿ ಮಾರ್ಚ್‌ನಲ್ಲಿ ಕುಮಟಾ ಕಡೆ ಕಾರ್ಯಾಗಾರ ಇಟ್ಟುಕೊಂಡು ಅದೇ ತಪ್ಪನ್ನು ಉಲ್ಟಾ ಮಾಡಿದೆ.

ಅಘನಾಶಿನಿ ಅಳಿವೆ ದಂಡೆಯ ಒಂದು ಶಾಲೆ. ಸುತ್ತಲಿನ ಕ್ಲಸ್ಟರಿನ ಶಿಕ್ಷಕರು ಬಂದಿದ್ದರು. ಬಂದವರೆಲ್ಲ ಮೊದಲು ಕೇಳಿದ್ದು 'ಓಓಡಿ ಸರ್ಟಿಫಿಕೇಟ್ ಇವತ್ತೇ ಕೊಡ್ತೀರಾ?' ಅಂತ. ಆ ದಿನ ಕರ್ತವ್ಯದ ಮೇಲೆ ಶಾಲೆಯಿಂದ ಹೊರಗಿದ್ದರು ಅನ್ನುವ ಚೀಟಿ ಅದು. ಈ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವ ತರಬೇತುದಾರರು ಇದ್ದಾರೆ. ನಾನು ಸಿಟ್ಟಾಗುವುದಿಲ್ಲ. ಬಿಸಿಯೂಟದ ಲೆಕ್ಕ, ಹಾಜರಾತಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಆನ್‌ಲೈನ್ ಮಾಹಿತಿ ತುಂಬುವುದು ಇಷ್ಟರ ಮಧ್ಯೆ ಒಂದು ದಿನ ಬಿಟ್ಟು ಬಂದವರು ಅವರು. ಪರಿಸರವನ್ನು ಎಲ್ಲ ಹಂತದಲ್ಲೂ ಕಡ್ಡಾಯವಾಗಿ ಕಲಿಸಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ, ನಿಜ. ಯಾವ ಪಿರಿಯಡ್ಡಿನಲ್ಲಿ ಅಂತ ಹುಡುಕಬೇಕಾದವರು ಮಾತ್ರ ಇವರೇ.

ಟಾಂಕಾದ ಫೋಟೋ ಹಾಕಿದೆ. 'ಪಾಪ, ನೀರೇ ಇಲ್ಲ ಅಲ್ವಾ ಅವರಿಗೆ' ಅಂದರು. ಕಾರವಾರದ ಕರಾವಳಿಗೆ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ನಿಮ್ಮ ಶಾಲೆಯ ನೂರು ಚದರ ಮೀಟರ್ ಚಾವಣಿಯಿಂದ ಮೂರು ಲಕ್ಷ ಲೀಟರ್ ಹರಿದು ಹೋಗುತ್ತದೆ ಅಂತ ಲೆಕ್ಕ ಹಾಕಿಸಿದೆ. ಹಿಂದಿನ ಬೆಂಚಿನಿಂದ ಒಬ್ಬರು ಅಕ್ಕೋರು, 'ಅದೆಲ್ಲ ಇರ್ಲಿ ಮಾರಾಯ್ರೇ, ಜುಲೈ ತಿಂಗಳಲ್ಲಿ ಮಳೆ ನಿಲ್ಸೂದು ಹೇಗೆ ಅಂತ ಹೇಳ್ಕೊಡಿ' ಅಂದರು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಬೇರೇನು ಮಾಡೋದು?

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲ ಅನ್ನುವ ಮಾನ್ಯತೆ ಸಿಕ್ಕಿದ್ದನ್ನು ಹೇಳಿದೆ. ಎಲ್ಲರೂ ಬರೆದುಕೊಂಡರು. ರಾಮ್ಸಾರ್ ಇರಾನಿನ ಊರು, ಒಪ್ಪಂದ ಆದದ್ದು 1971ರಲ್ಲಿ ಅಂತಲೂ ಬರೆದುಕೊಂಡರು. ಕ್ವಿಜ್‌ಗೆ ಬೇಕಾಗುತ್ತದೆ. ಕಿಟಕಿಯಾಚೆ ಅಳಿವೆ ಹೊಳೀತಾ ಇತ್ತು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿ ಬೆಳ್ಳಕ್ಕಿ ನಿಂತಿತ್ತು. ಒಬ್ಬರೂ ಆ ಕಡೆ ತಿರುಗಲಿಲ್ಲ. ನಾನು ತಿರುಗಿಸಲೂ ಇಲ್ಲ, ನನ್ನ ಕಣ್ಣೂ ಪರದೆ ಮೇಲೇ ಇತ್ತು.

ದಾರಿ ಸಿಕ್ಕಿದ್ದು ಊಟದ ಹೊತ್ತಿಗೆ. ಅವತ್ತು ಬಿಸಿಯೂಟ ತಡ. ಅಡುಗೆಯಕ್ಕ ಕುಕ್ಕರ್ ಮುಂದೆ ಗೊಣಗುತ್ತಾ ನಿಂತಿದ್ದಳು. 'ಎಂತ ಮಾಡೂದು, ಹೋಳಿ ಹುಣ್ಣಿಮೆ ಕಳೀತು ಅಂದ್ರೆ ಈ ಬಾವಿ ನೀರಲ್ಲಿ ಬೇಳೆ ಬೇಯೂದಿಲ್ಲ. ಮೇಲಿನ ಕೇರಿಯಿಂದ ಕೊಡದಲ್ಲಿ ತಂದ್ರೆ ಮಾತ್ರ ಬೇಯ್ತದೆ. ಇವತ್ತು ತರೂಕೆ ಆಗ್ಲಿಲ್ಲ.'

ನಾನು ಅನ್ನ ಬಡಿಸಿಕೊಳ್ಳುವುದನ್ನೂ ಮರೆತೆ. ಮೂರು ಲಕ್ಷ ಲೀಟರಿನ ಮಾತು ಬೆಳಿಗ್ಗೆಯಿಡೀ ಯಾರಿಗೂ ತಾಗಿರಲಿಲ್ಲ, ಅದರ ಇನ್ನೊಂದು ತುದಿ ಈ ಕುಕ್ಕರಿನಲ್ಲಿತ್ತು. ಸಮುದ್ರದ ನೀರಲ್ಲಿ ಬರೀ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಕೂಡ ಇವೆ. ಬಾವಿಗೆ ಅದು ಸ್ವಲ್ಪ ಬೆರೆತರೂ ಬೇಳೆ ಗಟ್ಟಿ ಹಿಡಿದುಕೊಳ್ಳುತ್ತದೆ, ಮೆತ್ತಗಾಗುವುದಿಲ್ಲ.

ಆಗಲೇ ಅವಳ ಹತ್ತಿರ ಮೂರು ಸ್ಟೀಲ್ ಬಟ್ಟಲು ಕೇಳಿದೆ. ಕೊಡಲು ಮನಸ್ಸಿರಲಿಲ್ಲ, 'ತೊಳೆದು ಕೊಡ್ಬೇಕು' ಅಂತ ಹೇಳಿಯೇ ಕೊಟ್ಟಳು. ಒಂದಕ್ಕೆ ಮೇಲಿನ ಕೇರಿಯ ನೀರು, ಒಂದಕ್ಕೆ ಶಾಲೆ ಬಾವಿಯದ್ದು, ಇನ್ನೊಂದಕ್ಕೆ ಅಳಿವೆಯದ್ದು. ಮೂರಕ್ಕೂ ಅರ್ಧರ್ಧ ಲೋಟ. ಅಗಲ ಬಟ್ಟಲಾದ್ದರಿಂದ ನೀರು ತೆಳ್ಳಗೆ ಹರಡಿಕೊಂಡಿತು. ಟೆರೇಸಿನ ಸುಡು ಸಿಮೆಂಟಿನ ಮೇಲೆ ಇಟ್ಟು ಬಂದೆವು.

ಮೂರೂವರೆಗೆ ಮೇಲೆ ಹತ್ತಿದಾಗ ಮೂರೂ ಒಣಗಿದ್ದವು. ಮೇಲಿನ ಕೇರಿಯ ಬಟ್ಟಲಲ್ಲಿ ಗಮನಿಸಿ ನೋಡಿದರೆ ಮಾತ್ರ ಕಾಣುವ ಒಂದು ಮಸುಕು ಕಲೆ. ಅಳಿವೆಯದ್ದರಲ್ಲಿ ಬಿಳೀ ಹರಳು, ಬೆರಳಲ್ಲಿ ಎತ್ತಿ ಉಪ್ಪಿನಕಾಯಿಗೆ ಹಾಕುವಷ್ಟು. ಸಮುದ್ರದ ನೀರು ಲೀಟರಿಗೆ 35 ಗ್ರಾಂ ಉಪ್ಪು ಹೊತ್ತಿರುತ್ತದೆ, ಅರ್ಧ ಲೋಟಕ್ಕೆ ಮೂರೂವರೆ ಗ್ರಾಂ. ನಡುವಿನ ಬಟ್ಟಲು, ಶಾಲೆಯದ್ದು, ಅಂಚಿನಲ್ಲಿ ಬಳೆಯ ಹಾಗೆ ಬಿಳಿ ಸುತ್ತು ಕಟ್ಟಿತ್ತು. ಯಾರೂ ಮಾತಾಡಲಿಲ್ಲ. ಮಳೆ ನಿಲ್ಲಿಸಿ ಅಂದಿದ್ದ ಅಕ್ಕೋರು ಬೆರಳು ಒರೆಸಿ ನಾಲಿಗೆಗೆ ಮುಟ್ಟಿಸಿ, 'ಇದು ಮಕ್ಕಳು ಕುಡಿಯೂ ನೀರು' ಅಂದರು. ಆಮೇಲೆ ಟೆರೇಸಿನ ಅಂಚಿಗೆ ಹೋಗಿ ಅಳಿವೆ ಕಡೆ ನೋಡುತ್ತಾ ನಿಂತರು.

ಅಲ್ಲಿಂದ ಮುಂದೆ ನಾನು ಮಾತಾಡಿದ್ದು ಕಡಿಮೆ. ಗೋಕರ್ಣ ಕಡೆಯ ಮಾಸ್ತರರೊಬ್ಬರು, 'ಸಾಣಿಕಟ್ಟಾ ಆಗರದಲ್ಲಿ ಉಪ್ಪು ಮಾಡೋದೂ ಹೀಗೇ ಅಲ್ವಾ, ಬಟ್ಟಲು ದೊಡ್ಡದು ಅಷ್ಟೇ' ಅಂದರು. (ಅಲ್ಲಿ ಆಗೋರ್, ಇಲ್ಲಿ ಆಗರ. ಒಂದು ಸಿಹಿನೀರು ಕೂಡಿಸಲು, ಒಂದು ಉಪ್ಪು ಕೂಡಿಸಲು. ಈ ಮಾತು ನನಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆದದ್ದು, ಅಲ್ಲಿ ಹೊಳೆದಿದ್ದರೆ ಚಪ್ಪಾಳೆ ಬೀಳ್ತಿತ್ತು.) ಇನ್ನೊಬ್ಬರು ಅಳಿವೆ ಅಂಚಿನ ಗಜನಿ ಗದ್ದೆಯ ಕಗ್ಗ ಭತ್ತದ ಮಾತು ತೆಗೆದರು. ಉಪ್ಪು ನೀರು ನಿಂತರೂ ತಾಳಿಕೊಳ್ಳುವ ಭತ್ತ ಅದು. ಅವರ ಮನೆಯಲ್ಲೇ ಬೆಳೆಯುತ್ತಿದ್ದರಂತೆ. ಎಲೆಯನ್ನೇ ಬಿಟ್ಟುಕೊಟ್ಟ ಕೇರ್ ಗಿಡದ ಕಥೆಗೆ ಆಗ ಜಾಗ ಸಿಕ್ಕಿತು. ಬೆಳಿಗ್ಗೆ ಹೇಳಿದ್ದರೆ ಅದೂ ಕ್ವಿಜ್ ಪ್ರಶ್ನೆ ಆಗಿಬಿಡುತ್ತಿತ್ತು.

ಬಾವಿ ಯಾಕೆ ಉಪ್ಪಾಗುತ್ತದೆ ಅನ್ನುವುದನ್ನು ಮಾತ್ರ ನಾನು ಹೇಳಬೇಕಾಯಿತು. ಕರಾವಳಿಯಲ್ಲಿ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಮಜ್ಜಿಗೆ ಮೇಲೆ ಬೆಣ್ಣೆ ಹಾಗೆ. ಜಂಬಿಟ್ಟಿಗೆ ನೆಲ, ಬಿದ್ದ ಮಳೆ ನಿಲ್ಲುವುದಿಲ್ಲ, ಬೇಗ ಸೋರಿ ಹೋಗುತ್ತದೆ. ಘಟ್ಟವೂ ಹತ್ತಿರ, ಹೊಳೆಗಳೂ ಗಿಡ್ಡ. ಮಳೆಗಾಲ ಮುಗಿದ ಮೇಲೆ ನಾವು ಪಂಪ್ ಹಾಕಿ ಎತ್ತುತ್ತಾ ಹೋದಂತೆ ಮೇಲಿನ ಸಿಹಿನೀರು ತೆಳ್ಳಗಾಗುತ್ತದೆ. ಸಮುದ್ರಮಟ್ಟದಿಂದ ಮೇಲಿರುವ ಸಿಹಿನೀರು ಒಂದು ಅಡಿ ಇಳಿದರೆ, ಅಡಿಯ ಉಪ್ಪುನೀರು ನಲವತ್ತು ಅಡಿ ಮೇಲೇರಬಹುದು ಅಂತ ಒಂದು ಸ್ಥೂಲ ಲೆಕ್ಕ ಇದೆ. ಹಾಗಾಗಿ ಚಾವಣಿಯ ಮೂರು ಲಕ್ಷ ಲೀಟರನ್ನು ತೊಟ್ಟಿಯಲ್ಲಿ ತುಂಬಿಡಬೇಕು ಅಂತೇನಿಲ್ಲ. ಜಲ್ಲಿ, ಮರಳು ಹಾಕಿ ಸೋಸಿ ಬಾವಿ ಪಕ್ಕದ ಗುಂಡಿಗೆ ಇಳಿಸಿದರೂ ಉಪ್ಪನ್ನು ಕೆಳಗೆ ತಳ್ಳುವ ಭಾರ ಸಿಗುತ್ತದೆ. ಈ ಸಲ ಯಾರೂ ಜೋಕ್ ಮಾಡಲಿಲ್ಲ. ಪೈಪಿಗೆ ಎಷ್ಟಾಗುತ್ತದೆ ಅಂತ ಕೇಳಿದರು.

ಈಗ ಕರಾವಳಿಗೆ ಹೋಗುವಾಗ ನನ್ನ ಬ್ಯಾಗಿನಲ್ಲಿ ಪ್ರೊಜೆಕ್ಟರ್ ಇರೋದಿಲ್ಲ. ಕಾರ್ಯಾಗಾರದ ಹಿಂದಿನ ದಿನವೇ ಆ ಶಾಲೆಗೆ ಹೋಗಿ ಅಡುಗೆ ಕೋಣೆಯಲ್ಲಿ ಅರ್ಧ ಗಂಟೆ ಕೂರುತ್ತೇನೆ. ಒಂದೊಂದು ಅಡಿಗೆ ಗಂಟು ಹಾಕಿದ ನೈಲಾನ್ ಹಗ್ಗವನ್ನು ಶಾಲೆಗೊಂದರಂತೆ ಕೊಟ್ಟು ಬರುತ್ತೇನೆ. ತುದಿಗೆ ಕಲ್ಲು ಕಟ್ಟಿ, ಬಾವಿಕಟ್ಟೆಯಿಂದ ಇಳಿಬಿಟ್ಟು, ನೀರು ಎಷ್ಟನೇ ಗಂಟಿಗೆ ಮುಟ್ಟಿತು ಅಂತ ಪ್ರತಿ ಸೋಮವಾರ ನೋಡುವುದು. ಪ್ರಾರ್ಥನೆ ಮುಗಿದ ಮೇಲೆ ಮೂರು ನಿಮಿಷದ ಕೆಲಸ. ಬೇರೆ ಪಿರಿಯಡ್ ಬೇಡ, ಫಾರ್ಮ್ಯಾಟ್ ಬೇಡ. ಅಳೆಯುವಾಗ ಶಿಕ್ಷಕರು ಜೊತೆಗೇ ಇರಬೇಕು ಅನ್ನುವುದೊಂದೇ ಷರತ್ತು.

ಒಂದು ತೊಂದರೆ ಮಾತ್ರ ಇತ್ತು. ನೀರು ನಿಜವಾಗಿ ತಳ ಕಾಣುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ. ಯಾರು ಅಳೆಯುವುದು? ಅದೇ ಅಳಿವೆ ದಂಡೆಯ ಶಾಲೆಯಲ್ಲಿ ಅಡುಗೆಯಕ್ಕನ ಮನೆ ಕಾಂಪೌಂಡಿಗೆ ಹೊಂದಿಕೊಂಡೇ ಇದೆ. ಅವಳಿಗೆ ಪುಸ್ತಕ ಕೊಡಲು ಹೋದರೆ, 'ಬರೆಯೂದೆಲ್ಲ ನನ್ನತ್ರ ಆಗೂದಿಲ್ಲ' ಅಂದಳು. ಹಗ್ಗ ಮಾತ್ರ ಇಟ್ಟುಕೊಂಡಳು.

ಜೂನ್ ಮೊದಲ ವಾರ ಹೋದಾಗ ಅಕ್ಕೋರು ಆ ಹಗ್ಗವನ್ನು ಐದನೇ ಕ್ಲಾಸಿನ ಗೋಡೆಗೆ ಉದ್ದಕ್ಕೆ ಕಟ್ಟಿದ್ದರು. ಗಂಟುಗಳಿಗೆ ಹಳೇ ಸೀರೆಯ ಕೆಂಪು ಚಿಂದಿ. ವಾರಕ್ಕೊಂದು. ಹನ್ನೆರಡನೇ ಗಂಟಿನಲ್ಲಿ ಶುರುವಾದ ಚಿಂದಿ ಒಂದೊಂದೇ ಗಂಟು ಕೆಳಗಿಳಿದು, ಹದಿನೇಳರಲ್ಲಿ ಎರಡು ವಾರ ನಿಂತಿತ್ತು. ಕೊನೆಯದು ಮಾತ್ರ ಹಸಿರು ಬಣ್ಣದ್ದು, ಮತ್ತೆ ಹದಿನಾಲ್ಕಕ್ಕೆ ಹತ್ತಿತ್ತು. 'ಅದು ಮಳೆ ಬಂದ ವಾರ' ಅಂತ ಒಬ್ಬ ಹುಡುಗ ಯಾರೂ ಕೇಳದೇ ಹೇಳಿದ.

ಅಡುಗೆಯಕ್ಕ ಬಾಗಿಲಲ್ಲಿ ಇಣುಕಿ, 'ಅಕ್ಕೋರೇ, ನೋಡಿ ಆಯ್ತಾ? ಹಗ್ಗ ಬಿಚ್ಚಿ ಕೊಡಿ, ಕೊಡಪಾನ ಬಾವಿಗೆ ಬಿದ್ದಿದೆ' ಅಂದಳು.