ಚುಕ್ಕಿ ಸರಿಯಾಗಿತ್ತು, ಗೆರೆ ಯಾರದೋ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಮಿನಿ ಬಸ್ಸು ಹೊರಟಾಗ ನನ್ನ ಲೆಕ್ಕ ಎಲ್ಲಾ ಸರಿ ಇತ್ತು. ಅಕ್ಟೋಬರ್ ಕೊನೆ, ಕುಮಾರ ಪರ್ವತದ ಟ್ರೆಕ್ಕಿಗೆ ಸೀಸನ್‌ನ ಮೊದಲ ಬ್ಯಾಚ್. ಹದಿನೇಳು ಜನ. ಮುಂದೆ ನಡೆಯುವ ಲೀಡ್ ನಾನು, ಎಲ್ಲರ ಹಿಂದೆ ಬರುವ ಸ್ವೀಪ್‌ಗೆ ಹೊಸ ಹುಡುಗ. ಆಫೀಸಿನವರು ಗ್ರೂಪಿಗೆ ಹಾಕಿದ್ದ, ದಾರಿಯನ್ನು ಮ್ಯಾಪ್ ಮೇಲೆ ಗೆರೆಯಾಗಿ ತೋರಿಸುವ ಜಿಪಿಎಕ್ಸ್ ಫೈಲ್ ಆಪ್‌ಗೆ ಹಾಕಿಕೊಂಡೆ, ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡೆ, ಮಲಗಿದೆ.

ಬೆಳಿಗ್ಗೆ ಕುಕ್ಕೆಯಿಂದ ಹತ್ತುವಾಗ ಮೊದಲ ತಪ್ಪು ಮಾಡಿದೆ. ಶಿಖರ 1712 ಮೀಟರ್, ದಿನ ಉದ್ದ, ಬ್ಯಾಟರಿ ಉಳಿಯಲಿ ಅಂತ ಆಪ್‌ನಲ್ಲಿ ನಾವು ನಡೆದ ದಾರಿಯ ರೆಕಾರ್ಡಿಂಗ್ ಹಾಕಲಿಲ್ಲ. ಕಾಡಿನಲ್ಲಿ ಬ್ಯಾಟರಿ ಜಾಸ್ತಿ ತಿನ್ನುವುದು ಫೋನ್ ಟವರ್ ಹುಡುಕುವ ಕೆಲಸ. ಏರೋಪ್ಲೇನ್ ಮೋಡ್‌ಗೆ ಹಾಕಿದ್ದರೆ ಸಾಕಿತ್ತು, ಜಿಪಿಎಸ್ ಅದರ ಪಾಡಿಗೆ ನಡೆಯುತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ.

ಇಳಿಯುವಾಗ ಶೇಷಪರ್ವತ ದಾಟಿದ ಮೇಲೆ ಮಂಜು ಮುಚ್ಚಿತು. ನಾಲ್ಕು ಹೆಜ್ಜೆ ಮುಂದೆ ಕಾಣುತ್ತಿರಲಿಲ್ಲ. ಬೆಳಿಗ್ಗೆ ನಾವು ಬಂದ ದಾರಿ ಫೋನಿನಲ್ಲಿ ಇಲ್ಲ, ಇದ್ದದ್ದು ಆಫೀಸಿನ ಗೆರೆ. ಅದು ಎಡಕ್ಕೆ ತಿರುಗಿತು, ನಾನೂ ತಿರುಗಿದೆ. ನಾನಿರುವ ಜಾಗ ತೋರಿಸುವ ಚುಕ್ಕಿ ಗೆರೆಯ ಮೇಲೇ ಇತ್ತು.

ವಾಕಿಟಾಕಿಯಲ್ಲಿ ಹುಡುಗನ ದನಿ ಬಂತು. "ಅಣ್ಣ, ಇಲ್ಲಿಂದಾಚೆ ಹುಲ್ಲು ಮಲಗೇ ಇಲ್ಲ. ಬೆಳಿಗ್ಗೆ ಇಷ್ಟು ಜನ ತುಳಿದು ಬಂದಿದ್ದೀವಲ್ವಾ?"

"ಮ್ಯಾಪ್ ನೋಡ್ತಾ ಇದ್ದೀನಿ, ಸುಮ್ನೆ ಬಾರೋ" ಅಂದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಇನ್ನೂ ಮೂವತ್ತು ಹೆಜ್ಜೆ ಹೋಗಿರಬಹುದು. ಕಾಲಿಗೆ ಸಿಕ್ಕ ಕಲ್ಲು ಉರುಳಿತು. ಅದು ನಿಂತ ಸದ್ದು ಕೇಳಲಿಲ್ಲ. ಎಲ್ಲರನ್ನೂ ನಿಲ್ಲಿಸಿದೆ. ಒದ್ದೆ ಬೆರಳಿನಲ್ಲಿ ಸ್ಕ್ರೀನ್ ಜೂಮ್ ಆಗಲೂ ಒಲ್ಲದು. ಅಂಗಿಗೆ ಒರೆಸಿ ದೊಡ್ಡದು ಮಾಡಿದಾಗ ಕಂಡಿತು: ಅದು ಒಂದು ಗೆರೆಯಲ್ಲ, ಒಂದಕ್ಕೊಂದು ಅಂಟಿಕೊಂಡ ಎರಡು. ಫೈಲ್ ಮಾಡಿದವರು ಯಾವತ್ತೋ ಅಂಚಿನವರೆಗೆ ಬಂದು, ಬಹುಶಃ ಫೋಟೋ ತೆಗೆದು, ವಾಪಸ್ ಹೋಗಿದ್ದರು. ಅವರ ಓಡಾಟವನ್ನು ಆಪ್ ದಾರಿ ಅಂತ ಬರೆದಿಟ್ಟಿತ್ತು. ಮಂಜಿನಿಂದ ಜಿಪಿಎಸ್ ಕೆಟ್ಟಿರಲಿಲ್ಲ. ನಾನು ಎಲ್ಲಿದ್ದೀನಿ ಅಂತ ಚುಕ್ಕಿ ಸರಿಯಾಗೇ ಹೇಳುತ್ತಿತ್ತು.

ತಿರುಗಿ ಎಣಿಸಿದೆ. ಹದಿನಾರು. ಮತ್ತೆ ಎಣಿಸಿದೆ, ಹದಿನಾರೇ. ಬಾಯಿ ಒಣಗಿತು. ಒಬ್ಬರು ಬಗ್ಗಿ ಶೂ ಲೇಸ್ ಕಟ್ಟುತ್ತಿದ್ದರು, ಹುಲ್ಲಿನ ಮರೆಯಲ್ಲಿ. ಅಷ್ಟರಲ್ಲಿ ಹಿಂದಿನಿಂದ ವಿಷಲ್ ಕೇಳಿಸಿತು. ಹುಡುಗ ನನ್ನ ಮಾತು ಕೇಳಿರಲಿಲ್ಲ. ಮಲಗಿದ ಹುಲ್ಲು ಮುಗಿದ ಜಾಗ ಬಿಟ್ಟು ಅವನು ಕದಲಿರಲಿಲ್ಲ. ಆ ವಿಷಲ್ ಹಿಡಿದೇ ಎಲ್ಲರೂ ದಾರಿಗೆ ಬಂದೆವು. ಕಲ್ಲು ಮಂಟಪ ತಲುಪಿದ ಮೇಲೆ ಅವನ ಕೈ ಹಿಡಿದು, ತಪ್ಪಾಯ್ತಪ್ಪಾ ಅಂದೆ.

ಆಫೀಸಿನಲ್ಲಿ ಹೇಳಿದಾಗ ಬಂದ ಉತ್ತರ: ಆಪ್‌ನ ಪ್ರೀಮಿಯಂ ತಗೊಳ್ಳೋಣ. ಪ್ರೀಮಿಯಂ ಬೇಡ ಸಾರ್, ಸೀಸನ್ ಶುರುವಿಗೆ ನಾವೇ ಹೋಗಿ ದಾರಿ ನೋಡಿ ಬರುವ ಒಂದು ರೆಕ್ಕಿಗೆ ದುಡ್ಡು ಕೊಡಿ ಅಂದೆ. ಇನ್ನೂ ಕೊಟ್ಟಿಲ್ಲ. ಈಗ ನಾನು ಹಿಂದಿನ ರಾತ್ರಿ ಇಬ್ಬರು ಮೂವರ ಟ್ರ್ಯಾಕ್ ಒಂದರ ಮೇಲೊಂದು ಇಟ್ಟು, ಬಾಲದ ಹಾಗೆ ಚಾಚಿದ್ದನ್ನೆಲ್ಲ ಕತ್ತರಿಸುತ್ತೇನೆ. ಹತ್ತುವಾಗ ಪ್ರತಿ ಕವಲಿನಲ್ಲೂ ಪಿನ್ ಹಾಕುತ್ತೇನೆ. ಇಳಿಯುವುದು ಅವತ್ತಿನ ನಮ್ಮದೇ ರೆಕಾರ್ಡಿಂಗ್ ಮೇಲೆ.

ಆ ಹಳೇ ಫೈಲ್ ಮಾತ್ರ ಗ್ರೂಪಿನಲ್ಲಿ ಹಾಗೇ ಇದೆ. ಅದನ್ನು ತೆಗೆಸಲು ದಿನಾ ಫೋನ್ ಮಾಡುತ್ತಿದ್ದೇನೆ. ಈ ಶುಕ್ರವಾರ ಮತ್ತೆರಡು ಬ್ಯಾಚ್ ಹೊರಡುತ್ತಿವೆ.