ಕಿಲುವಾನ ಕೈ, ಹುಬ್ಬಳ್ಳಿಯ ಬೆರಳು

ಹುಬ್ಬಳ್ಳಿಗೆ ಅನಿಮೆ, ಅದೇ ಜಪಾನಿನ ಕಾರ್ಟೂನ್ ಸರಣಿಗಳು, ಕಂಡರೆ ಆಗುತ್ತಿರಲಿಲ್ಲ. ಹುಬ್ಬಳ್ಳಿ ಅಂದರೆ ಊರಲ್ಲ, ನಮ್ಮ ರೂಮ್‌ಮೇಟ್. ಮೈಸೂರಿನ ನಮ್ಮ ಹಾಸ್ಟೆಲ್‌ನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಉಳಿಯುತ್ತಿರಲಿಲ್ಲ. ಸೇರಿದ ವಾರದಲ್ಲೇ ಊರಿನ ಹೆಸರು ಅಂಟಿಕೊಳ್ಳುತ್ತಿತ್ತು. ನಮ್ಮ ರೂಮಿನಲ್ಲಿ ಹುಬ್ಬಳ್ಳಿ, ಸಿರ್ಸಿ, ಕೋಲಾರ, ಆಮೇಲೆ ನಾನು, ತಿಪಟೂರು.

ಸಿರ್ಸಿಯ ಹತ್ತಿರ ಒಂದು ಟಿಬಿಯ ಹಾರ್ಡ್ ಡಿಸ್ಕ್ ಇತ್ತು. ಅದು ಹಾಸ್ಟೆಲ್‌ನ ಎಲ್ಲಾ ಮಹಡಿ ಸುತ್ತಿ ಬರುತ್ತಿತ್ತು. ಹೋಗುವಾಗ ಇದ್ದ ಸಿನಿಮಾ ಬರುವಾಗ ಇರುತ್ತಿರಲಿಲ್ಲ, ಇಲ್ಲದ್ದು ಬಂದು ಸೇರಿರುತ್ತಿತ್ತು. ಆದರೆ ಅನಿಮೆ ಫೋಲ್ಡರ್‌ಗೆ ಮಾತ್ರ ಯಾರೂ ಕೈ ಹಾಕುವಂತಿರಲಿಲ್ಲ. ರಾತ್ರಿ ಊಟ ಆದಮೇಲೆ ನಾನು, ಸಿರ್ಸಿ, ಕೋಲಾರ ಒಂದೇ ಮಂಚದ ಮೇಲೆ ಒತ್ತಿಕೊಂಡು ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದೆವು. ಹುಬ್ಬಳ್ಳಿ ಪಕ್ಕದ ಮಂಚದಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿ ಬೈಯುತ್ತಿದ್ದ.

"ಹೊಡೆತ ತಿಂದು ಸಾಯಾಕತ್ತಿರ್ತಾನ. ಗೆಳೆಯನ ಮುಖ ನೆನಪಾತು ಅಂದ್ರ ಸಾಕು, ಎದ್ದು ನಿಲ್ತಾನ. ಅದು ಗೆಳೆತನಾನೋ ಗ್ಲೂಕೋಸೋ?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಫೇರಿ ಟೇಲ್ ಅನ್ನೋ ಸರಣಿ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಹೀರೋ ನೆಲಕ್ಕೆ ಬೀಳುತ್ತಾನೆ. ಹಿಂದೆ ಗೆಳೆಯರು ಸಾಲಾಗಿ ನಿಂತು ಅವನ ಹೆಸರು ಕೂಗುತ್ತಾರೆ. ಸಂಗೀತ ಏರುತ್ತದೆ. ಐದು ನಿಮಿಷದ ಹಿಂದೆ ಬೆರಳು ಅಲ್ಲಾಡಿಸಲೂ ಆಗದವನು ಈಗ ಒಂದೇ ಗುದ್ದಿಗೆ ವಿಲನ್‌ನನ್ನು ಗೋಡೆಗೆ ಬಡಿಯುತ್ತಾನೆ.

ಸಿರ್ಸಿ ಇದಕ್ಕೊಂದು ಸಮಜಾಯಿಷಿ ಕೊಡುತ್ತಿದ್ದ. ಶೋನೆನ್ ಅಂದರೆ ಹದಿಹರೆಯದ ಹುಡುಗರಿಗಾಗಿ ಬರುವ ಕಥೆಗಳು. ಇವುಗಳಲ್ಲಿ ಹೆಸರುವಾಸಿಯಾದ ಎಷ್ಟೋ ಕಥೆಗಳು ಮೊದಲು ಬಂದದ್ದು ವೀಕ್ಲಿ ಶೋನೆನ್ ಜಂಪ್ ಅನ್ನೋ ಜಪಾನಿನ ಕಾಮಿಕ್ಸ್ ವಾರಪತ್ರಿಕೆಯಲ್ಲಿ. ಅದು ಶುರುವಾಗಿದ್ದು 1968ರಲ್ಲಿ. ಗೆಳೆತನ, ಪ್ರಯತ್ನ, ಗೆಲುವು, ಇವು ಮೂರು ಅದರ ಮಂತ್ರ. 1990ರ ದಶಕದ ನಡುವೆ ಒಂದು ಸಂಚಿಕೆ 65 ಲಕ್ಷ ಪ್ರತಿ ದಾಟಿತ್ತು. ಕಥೆಗಾರರು ವಾರಕ್ಕೆ ಸುಮಾರು 20 ಪುಟ ಬರೆಯಬೇಕು. ಓದುಗರು ಸಮೀಕ್ಷೆಯಲ್ಲಿ ತಮಗೆ ಯಾವುದು ಹಿಡಿಸಿತು ಅಂತ ಬರೆದು ಕಳಿಸುತ್ತಾರೆ. ಕೆಳಗೆ ಬಿದ್ದ ಕಥೆಯನ್ನು ಸಂಪಾದಕರು ಮುಲಾಜಿಲ್ಲದೆ ನಿಲ್ಲಿಸುತ್ತಾರೆ. "ವಾರ ವಾರ ಪರೀಕ್ಷೆ ಮಾರಾಯ. ಗೆಳೆಯನ ಮುಖ ತೋರಿಸದೆ ಇನ್ನೇನು ಮಾಡ್ತಾರೆ?" ಅನ್ನುತ್ತಿದ್ದ. ಹುಬ್ಬಳ್ಳಿ ಗೋಡೆ ಕಡೆಯಿಂದಲೇ, "ಮತ್ತ ಅದನ್ನ ನೀ ಯಾಕ ನೋಡ್ತೀ?" ಅನ್ನುತ್ತಿದ್ದ.

2016ರ ಸೆಪ್ಟೆಂಬರ್ 9. ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ಅವತ್ತು ಕರ್ನಾಟಕ ಬಂದ್. ಕಾಲೇಜಿಗೆ ರಜೆ. ಬಸ್ ಇಲ್ಲ, ಹೋಟೆಲ್ ಇಲ್ಲ. ವಾರ್ಡನ್ ಗೇಟಿಗೆ ಬೀಗ ಹಾಕಿಸಿದ್ದರು. ಮೆಸ್ ಭಟ್ಟರು ಬೆಳಿಗ್ಗೆ ಒಂದು ದೊಡ್ಡ ಪಾತ್ರೆ ತುಂಬ ಚಿತ್ರಾನ್ನ ಮಾಡಿ, "ಮಧ್ಯಾಹ್ನಕ್ಕೂ ಇದೇ ಕಣ್ರಪ್ಪಾ" ಅಂತ ಹೇಳಿ ಹೊರಟುಬಿಟ್ಟಿದ್ದರು. ಹುಬ್ಬಳ್ಳಿಗೆ ಅವತ್ತು ಕ್ರಿಕೆಟ್ ಪ್ರಾಕ್ಟೀಸೂ ಇಲ್ಲ. ಅವನು ಕಾಲೇಜ್ ಟೀಮಿನ ವಿಕೆಟ್ ಕೀಪರ್. ಗ್ಲೌಸ್ ತೊಡದ ಹುಬ್ಬಳ್ಳಿಯನ್ನು ಒಂದಿಡೀ ದಿನ ರೂಮಿನಲ್ಲಿ ಕೂಡಿಹಾಕಿಕೊಳ್ಳುವುದು ನಮಗೇ ಶಿಕ್ಷೆ.

ಸಿರ್ಸಿಗೆ ಇದೇ ಸಮಯ ಅನ್ನಿಸಿತು. "ಇವತ್ತು ನಾನು ಹೇಳಿದ್ದು ನೋಡು. ಹಿಡಿಸಲಿಲ್ಲ ಅಂದ್ರೆ ಇನ್ನು ಮೇಲೆ ಹೆಡ್‌ಫೋನ್ ಹಾಕ್ಕೊಂಡೇ ನೋಡ್ತೇವೆ" ಅಂದ. ಒಪ್ಪಂದ ಆಯ್ತು. ಏನು ತೋರಿಸಬೇಕು ಅಂತ ನಾವು ಮೂವರು ಬಾಗಿಲಾಚೆ ನಿಂತು ಚರ್ಚೆ ಮಾಡಿದೆವು. ನಾನು ಕಡಲುಗಳ್ಳರ ಕಥೆ ಒನ್ ಪೀಸ್‌ನ ಅರ್ಲಾಂಗ್ ಪಾರ್ಕ್ ಭಾಗ ಅಂದೆ. ಅಲ್ಲಿ ಲೂಫಿ ವಿಲನ್‌ನ ಎದುರು ನಿಂತು, ನನಗೆ ಕತ್ತಿ ಹಿಡಿಯೋಕೆ ಬರಲ್ಲ, ಹಡಗಿನ ದಾರಿ ಗೊತ್ತಾಗಲ್ಲ, ಅಡುಗೆ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ, ಗೆಳೆಯರಿಲ್ಲದೆ ನಾನು ಬದುಕಲಾರೆ ಅಂತ ಧೈರ್ಯವಾಗಿ ಒಪ್ಪಿಕೊಳ್ಳುತ್ತಾನೆ. ಹೀರೋ ಹೀಗೆ ತನ್ನ ದಡ್ಡತನದ ಪಟ್ಟಿ ಓದುವುದು ನನಗೆ ಬಹಳ ಇಷ್ಟ. ಆದರೆ ಸಿರ್ಸಿ ಬೇಡ ಅಂದ. "ಅದಕ್ಕೆ ಮೊದಲಿಂದ ನೋಡಿಕೊಂಡು ಬಂದಿರಬೇಕು. ಇವನು ಮೂರನೇ ನಿಮಿಷಕ್ಕೆ ಎದ್ದು ಹೋಗ್ತಾನೆ."

ಹಾಗಾಗಿ ಮೊದಲು ನರುಟೊ ಅನ್ನೋ ನಿಂಜಾ ಹುಡುಗನ ಸರಣಿ ಹಾಕಿದೆವು. ಜಬುಜಾ ಅನ್ನೋ ವಿಲನ್ ಬರುವ ಶುರುವಿನ ಭಾಗ. ಗುರು ಕಾಕಾಶಿಯನ್ನು ಜಬುಜಾ ನೀರಿನ ಗೋಳದೊಳಗೆ ಸೆರೆ ಹಾಕಿದ್ದಾನೆ. ಗೋಳ ಒಡೆಯದೆ ಇರಬೇಕಾದರೆ ಅವನ ಒಂದು ಕೈ ಅದರೊಳಗೇ ಇರಬೇಕು. ಇನ್ನೂ ಸರಿಯಾಗಿ ಕಲಿಯದ ಮೂವರು ಮಕ್ಕಳು, ನರುಟೊ, ಸಾಸುಕೆ, ಸಕುರಾ, ಗುರುವನ್ನು ಬಿಡಿಸಬೇಕು. ನರುಟೊ, ಸಾಸುಕೆ ಒಬ್ಬರನ್ನೊಬ್ಬರು ಕಂಡರೆ ಉರಿದು ಬೀಳುವವರು. ನರುಟೊ ತನ್ನ ಚೀಲದಿಂದ ದೊಡ್ಡದೊಂದು ಶುರಿಕೆನ್ ತೆಗೆದು ಸಾಸುಕೆಗೆ ಎಸೆಯುತ್ತಾನೆ. ನಾಲ್ಕು ಅಲಗಿನ, ಗಿರಗಿರ ತಿರುಗುವ ಆಯುಧ ಅದು. ಅದು ಕೈಗೆ ಬಂದ ಕ್ಷಣದಲ್ಲೇ ಸಾಸುಕೆಗೆ ವಿಷಯ ಅರ್ಥವಾಗುತ್ತದೆ. ಒಂದು ಮಾತಿಲ್ಲ. ಅವನು ಎಸೆಯುತ್ತಾನೆ. ಜಬುಜಾ ಖಾಲಿ ಕೈಯಿಂದ ಹಿಡಿದುಬಿಡುತ್ತಾನೆ. ಆದರೆ ಅದರ ನೆರಳಿನಲ್ಲೇ ಇನ್ನೊಂದು ಬರುತ್ತಿದೆ. ಜಬುಜಾ ಹಾರಿ ತಪ್ಪಿಸಿಕೊಳ್ಳುತ್ತಾನೆ. ಆ ಎರಡನೆಯದು ಅವನ ಹಿಂದೆ ಹೋಗಿ ಹೊಗೆಯಾಗಿ, ಹೊಗೆಯೊಳಗಿಂದ ನರುಟೊ ಹೊರಬಂದು ಚಾಕು ಎಸೆಯುತ್ತಾನೆ. ಆಯುಧವಾಗಿ ರೂಪ ಬದಲಿಸಿಕೊಂಡಿದ್ದವನು ಅವನೇ! ತಪ್ಪಿಸಿಕೊಳ್ಳಲು ಜಬುಜಾ ಗೋಳದಿಂದ ಕೈ ತೆಗೆಯಲೇಬೇಕು. ಕಾಕಾಶಿ ಬಿಡುಗಡೆ.

ಹುಬ್ಬಳ್ಳಿ ಎದ್ದು ಕೂತಿದ್ದ. "ಇದು ಚಲೋ ಐತಿ. ಆದ್ರ ಇವರು ಗೆಳ್ಯಾರೇ ಅಲ್ಲಲೇ" ಅಂದ.

ಸರಿಯಾಗೇ ಹೇಳಿದ. ಜಗಳವಾಡುತ್ತಲೇ ಜೊತೆಗೆ ಕೆಲಸ ಮಾಡಬಹುದು. ಎದುರಿನವನು ಕೆಲಸ ಬಲ್ಲವನು ಅನ್ನೋ ನಂಬಿಕೆ ಇದ್ದರೆ ಸಾಕು. ಇದಕ್ಕೂ ಮುಂಚೆ ಕಾಕಾಶಿ ಇವರಿಗೆ ಒಂದು ಪರೀಕ್ಷೆ ಕೊಟ್ಟಿರುತ್ತಾನೆ. ಮೂವರಿಗೆ ಎರಡೇ ಗಂಟೆ, ಗಿಲಿಗಿಲಿ ಅನ್ನೋ ಪುಟ್ಟ ಗಂಟೆ, ನನ್ನಿಂದ ಕಿತ್ತುಕೊಳ್ಳಿ ಅಂತ. ಕಿತ್ತಾಡಲಿ ಅಂತಲೇ ಎರಡು ಇಟ್ಟಿದ್ದು. ಗಂಟೆಯ ಆಸೆ ಬಿಟ್ಟು ಒಟ್ಟಿಗೆ ನಿಲ್ಲುತ್ತಾರಾ ಅನ್ನೋದೇ ನಿಜವಾದ ಪ್ರಶ್ನೆ. ಒಂದು ತಕರಾರು ಮಾತ್ರ ನನಗೆ ಇವತ್ತಿಗೂ ಇದೆ. ಜಬುಜಾ ಎದುರು ಹುಡುಗರಿಬ್ಬರು ಇಷ್ಟೆಲ್ಲ ಮಾಡುವಾಗ ಸಕುರಾ ಕೈಯಲ್ಲಿ ಚಾಕು ಹಿಡಿದು ಇವರೆಲ್ಲ ಕಾಪಾಡಬೇಕಾದ ಸೇತುವೆ ಕಟ್ಟುವ ಮುದುಕನನ್ನು ಕಾಯುತ್ತಾ ನಿಂತಿರುತ್ತಾಳೆ. ಶೋನೆನ್‌ನಲ್ಲಿ ಹುಡುಗಿಯರಿಗೆ ಹೀಗೆ ಕಾವಲು ಕೆಲಸ ಸಿಗುವುದೇ ಜಾಸ್ತಿ.

ಆಮೇಲೆ ಹಾಕಿದ್ದು ಹಂಟರ್ ಹಂಟರ್. 2011ರಲ್ಲಿ ಶುರುವಾದ, 148 ಕಂತಿನ ಸರಣಿ. ಅದರಲ್ಲಿ ಗ್ರೀಡ್ ಐಲ್ಯಾಂಡ್ ಅನ್ನೋ ಭಾಗ, ಅದರಲ್ಲೂ ಡಾಡ್ಜ್‌ಬಾಲ್ ಆಟ. ಕತ್ತಿಯಿಲ್ಲ, ರಾಕ್ಷಸರಿಲ್ಲ. ಚೆಂಡು ಎಸೆದು ಎದುರಾಳಿಗೆ ತಗುಲಿಸುವುದು, ಅಷ್ಟೇ. ಆದರೆ ಎದುರಿಗಿರುವ ರೇಝರ್ ಎಸೆದ ಚೆಂಡು ತಗುಲಿದರೆ ಮನುಷ್ಯ ಸತ್ತೇ ಹೋಗಬಹುದು. ಈ ಕಡೆ ಗಾನ್, ಅವನ ಪ್ರಾಣ ಸ್ನೇಹಿತ ಕಿಲುವಾ, ಜೊತೆಗೆ ಹಿಸೋಕಾ. ಈ ಹಿಸೋಕಾ ಗೆಳೆಯನಲ್ಲ. ಗಾನ್ ದೊಡ್ಡವನಾಗಿ ಬಲಿಯಲಿ, ಆಮೇಲೆ ಅವನ ಜೊತೆ ಹೊಡೆದಾಡೋಣ ಅಂತ ಕಾಯುತ್ತಿರುವ ಹುಚ್ಚ.

ಗಾನ್‌ಗೆ ಚೆಂಡನ್ನು ಅಷ್ಟು ಜೋರಾಗಿ ಎಸೆಯಲು ಬರುವುದಿಲ್ಲ. ಅವನಿಗೆ ಗುದ್ದಲು ಬರುತ್ತದೆ. ಹಾಗಾಗಿ ಕಿಲುವಾ ಎರಡು ಕೈಯಲ್ಲಿ ಚೆಂಡು ಹಿಡಿದು ನಿಲ್ಲುತ್ತಾನೆ. ಗಾನ್ ಉಸಿರು ಕಟ್ಟಿ, ಬಂಡೆ ಒಡೆಯುವಂಥ ಗುದ್ದನ್ನು ಆ ಚೆಂಡಿಗೆ ಕೊಡುತ್ತಾನೆ. ಚೆಂಡು ಗುಂಡಿನ ಹಾಗೆ ಹೋಗುತ್ತದೆ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ನಮ್ಮ ಕಣ್ಣೂ ಚೆಂಡಿನ ಹಿಂದೆಯೇ ಹೋಗುತ್ತದೆ. ನಾನು ಎಷ್ಟೋ ಸಲ ನೋಡಿದ್ದೆ. ನಾನು ನೋಡಿದ್ದು ಯಾವಾಗಲೂ ಚೆಂಡನ್ನೇ.

ಹುಬ್ಬಳ್ಳಿ ಮುಂದಕ್ಕೆ ಬಾಗಿ ಸ್ಪೇಸ್ ಬಾರ್ ಒತ್ತಿದ. ವಿಡಿಯೋ ನಿಂತಿತು.

"ಹಿಡಕೊಂಡಾನಲ್ಲ, ಅವನ ಕೈ ಏನಾಗಿರಬೇಕು?"

ಕೋಲಾರ ನಕ್ಕ. "ಲೇ, ಅದು ಕಾರ್ಟೂನು ಕಣೋ."

"ಕಾರ್ಟೂನಾದ್ರೂ ಕೈ ಕೈನ. ಆ ಪರಿ ಗುದ್ದು ಬಿದ್ದೈತಿ, ಚೆಂಡಿನ ಹಿಂದ ಇರೋದು ಇವನ ಕೈ."

ಸಿರ್ಸಿ ಏನೂ ಹೇಳಲಿಲ್ಲ. ಅವನ ಮುಖದಲ್ಲಿ ನಗು ಮಾತ್ರ ಕಾಣುತ್ತಿತ್ತು. ಮತ್ತೆ ಪ್ಲೇ ಒತ್ತಿದ. ಸ್ವಲ್ಪ ಹೊತ್ತಿಗೆ ಕಥೆಯೇ ಅಲ್ಲಿಗೆ ಬಂತು. ಕಿಲುವಾನ ಕೈ ಊದಿ, ಚರ್ಮ ಕಿತ್ತು ಹಾಳಾಗಿದೆ. ಅವನು ಅದನ್ನು ಯಾರಿಗೂ ಕಾಣದ ಹಾಗೆ ಇಟ್ಟುಕೊಂಡಿದ್ದ. ಇನ್ನು ಬೇರೆಯವರು ಹಿಡಿಯಲಿ ಅಂತ ಮಾತು ಬಂದಾಗ ಗಾನ್ ಒಪ್ಪುವುದಿಲ್ಲ. ಕಿಲುವಾನೇ ಆಗಬೇಕು, ಅವನು ಹಿಡಿದಿದ್ದಾನೆ ಅಂತಲೇ ನಾನು ಪೂರ್ತಿ ಬಲ ಹಾಕೋದು ಅನ್ನುತ್ತಾನೆ. ಕಿಲುವಾ ನಾಚಿಕೊಳ್ಳುತ್ತಾನೆ. ನೋವಿಗೆ ಮುಖ ಕೆಡಿಸದವನು ಈ ಮಾತಿಗೆ ಕೆಂಪಾಗುತ್ತಾನೆ. ಸುಮ್ನೆ ಚೆಂಡು ಹಿಡಿದು ನಿಲ್ಲೋದು ಯಾರಾದರೂ ಮಾಡುವ ಕೆಲಸವಲ್ಲ ಅಂತ ಆಗ ನಮಗೂ ಗೊತ್ತಾಗುತ್ತದೆ. ಜಾಸ್ತಿ ಬಿಗಿ ಹಿಡಿದರೆ ಗುದ್ದಿನ ಬಲ ಕೈಯಲ್ಲೇ ಉಳಿದುಬಿಡುತ್ತದೆ. ಸಡಿಲ ಹಿಡಿದರೆ ಚೆಂಡು ಸೊಟ್ಟ ಹೋಗುತ್ತದೆ.

ಹುಬ್ಬಳ್ಳಿ ತನ್ನ ಬಲಗೈ ಕಿರುಬೆರಳು ನೋಡಿಕೊಳ್ಳುತ್ತಿದ್ದ. ಆ ಬೆರಳು ಮೇಲಿನ ಗಿಣ್ಣಿನ ಹತ್ತಿರ ಹೊರಗೆ ವಾಲಿತ್ತು. ಅದನ್ನು ನಾವು ದಿನಾ ಊಟದ ತಟ್ಟೆಯ ಮೇಲೆ ನೋಡುತ್ತಿದ್ದೆವು. ಹುಟ್ಟಿನಿಂದಲೇ ಹಾಗೆ ಅಂದುಕೊಂಡಿದ್ದೆವು. "ಹೋದ ವರ್ಷ ಇಂಟರ್ ಕಾಲೇಜ್‌ನ್ಯಾಗ ಆಗಿದ್ದು" ಅಂದ. "ಗ್ಲೌಸ್ ಒಳಗ ಊದಿತ್ತು. ತೆಗದ್ರ ಮತ್ತ ಹಾಕ್ಕೊಳ್ಳಾಕ ಆಗೂದಿಲ್ಲ ಅಂತ ಡ್ರಿಂಕ್ಸ್ ಟೈಮ್‌ನ್ಯಾಗೂ ತೆಗೀಲಿಲ್ಲ."

ಕೋಲಾರ ಅದೇ ಟೀಮಿನ ಫಾಸ್ಟ್ ಬೌಲರ್. ಅವನ ನಗು ನಿಂತಿತ್ತು. "ಯಾವ ಮ್ಯಾಚೋ? ನಾನು ಬೌಲ್ ಮಾಡಿದ್ದಾ?"

"ಬಿಡಲೇ."

"ಹೇಳಬೇಕಿತ್ತು ತಾನೇ?"

"ಹೇಳಿದ್ರ ಟೀಮ್‌ನಿಂದ ಹೊರಗ ಹಾಕ್ತಿದ್ರು. ನಿನಗಾಗಿ ಏನಲ್ಲ. ಗೆಳೆತನ ಗಿಳೆತನ ಏನಿಲ್ಲ ಅದರಾಗ."

ಕೋಲಾರ ಇದನ್ನು ನಂಬಿದಂತೆ ಕಾಣಲಿಲ್ಲ. ನಾನು ಅರ್ಧ ನಂಬಿದೆ. ಎರಡೂ ಇದ್ದಿರಬಹುದು.

ಆಟದ ಕೊನೆ ಹತ್ತಿರ ಬಂದಾಗ ರೇಝರ್‌ನ ಚೆಂಡನ್ನು ತಡೆಯಲು ಗಾನ್, ಕಿಲುವಾ, ಹಿಸೋಕಾ ಮೂವರೂ ಒಬ್ಬರಿಗೊಬ್ಬರು ಅಂಟಿ ನಿಲ್ಲುತ್ತಾರೆ. ಹಿಸೋಕಾನ ಶಕ್ತಿ ಗೋಂದಿನಂಥದ್ದು, ಚೆಂಡು ಜಾರದಂತೆ ಅಂಟಿಸಿಡುವುದು ಅವನ ಕೆಲಸ. ಅವನೂ ಆ ಆಟದಲ್ಲಿ ಬೆರಳು ಮುರಿದುಕೊಂಡವನೇ. ಆದರೆ ಅವನು ಅದನ್ನು ಬಚ್ಚಿಡುವುದಿಲ್ಲ, ಮಜಾ ತಗೊಳ್ಳುತ್ತಾನೆ. ಟೀಮಿಗೆ ಬೇಕಾದ್ದನ್ನು ಅವನು ಕಿಲುವಾನಷ್ಟೇ ಚೆನ್ನಾಗಿ ಮಾಡುತ್ತಾನೆ. ಕೆಲಸ ನೋಡಿದರೆ ಇಬ್ಬರಲ್ಲಿ ಗೆಳೆಯ ಯಾರು ಅಂತ ಹೇಳಲಾಗದು. ಅದು ಗೊತ್ತಾಗುವುದು ನೋವನ್ನು ಯಾರು ಬಚ್ಚಿಟ್ಟರು ಅನ್ನೋದರಲ್ಲಿ. ಬದಿಯಲ್ಲಿ ನಿಂತು ಹೆಸರು ಕೂಗುವ ಗೆಳೆಯರ ಮೇಲೆ ನನಗಿದ್ದ ಅಲ್ಪಸ್ವಲ್ಪ ಪ್ರೀತಿಯೂ ಅವತ್ತಿಗೆ ಮುಗಿಯಿತು.

ಮಧ್ಯಾಹ್ನ ಯಾರಿಗೂ ಮತ್ತೆ ಚಿತ್ರಾನ್ನ ಬೇಡವಾಗಿತ್ತು. ಅಟ್ಟದ ಮೇಲೆ ಸೂಟ್‌ಕೇಸಿನಲ್ಲಿ ಬಚ್ಚಿಟ್ಟಿದ್ದ ಎಲೆಕ್ಟ್ರಿಕ್ ಕೆಟಲ್ ಇಳಿಸಿದೆವು. ವಾರ್ಡನ್ ಕಣ್ಣಿಗೆ ಬಿದ್ದರೆ ದಂಡ. ನಾನು ಕಾರಿಡಾರ್‌ನಲ್ಲಿ ಕಾವಲು, ಅಂದರೆ ಸಕುರಾ ಕೆಲಸ. ಕೋಲಾರ ಪಕ್ಕದ ರೂಮುಗಳಲ್ಲಿ ಮ್ಯಾಗಿ ಬೇಡಿ ತಂದ. ಸಿರ್ಸಿ ಉಪ್ಪಿನಕಾಯಿ ಡಬ್ಬಿ ತೆಗೆದ. ಹುಬ್ಬಳ್ಳಿ ಒಬ್ಬನೇ ಕೂತು ಮುಂದಿನ ಕಂತು ಹಾಕಿಕೊಂಡಿದ್ದ. ಕರೆದರೂ ಬರಲಿಲ್ಲ. ಅವನ ಪಾಲು ಕೋಲಾರ ತಿಂದ.

ಆ ಸರಣಿ ಅವನು ಸೆಮಿಸ್ಟರ್ ಮುಗಿಯುವುದರೊಳಗೆ ಮುಗಿಸಿದ. ಈಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅನಿಮೆ ಬಗ್ಗೆ ಜಾಸ್ತಿ ತಲೆ ತಿನ್ನುವವನು ಅವನೇ. 2022ರ ಆರಂಭದಲ್ಲಿ ಡೀಮನ್ ಸ್ಲೇಯರ್ ಅನ್ನೋ ರಾಕ್ಷಸ ಬೇಟೆಗಾರರ ಸರಣಿಯ ಎಂಟರ್‌ಟೇನ್‌ಮೆಂಟ್ ಡಿಸ್ಟ್ರಿಕ್ಟ್ ಭಾಗ ಮುಗಿದ ರಾತ್ರಿ ಅವನು ಸಾಲುಸಾಲು ವಾಯ್ಸ್ ಮೆಸೇಜ್ ಕಳಿಸಿದ್ದ. ಅಲ್ಲಿ ಗ್ಯೂತಾರೊ, ಡಾಕಿ ಅನ್ನೋ ಅಣ್ಣ ತಂಗಿ ರಾಕ್ಷಸರು. ಇಬ್ಬರ ತಲೆಯೂ ಬಿದ್ದಿರಬೇಕು. ಒಬ್ಬರದು ಉಳಿದಿದ್ದರೂ ಇಬ್ಬರೂ ಸಾಯುವುದಿಲ್ಲ. ಈ ಕಡೆ ನಾಲ್ವರು ಹಂಚಿಕೊಂಡು ಹೊಡೆದಾಡಬೇಕು. ಹುಬ್ಬಳ್ಳಿಗೆ ಹಿಡಿಸಿದ್ದು ಹೀರೋಗಳ ಒಗ್ಗಟ್ಟಲ್ಲ. "ಆ ಕಡಿಯವರದ್ದೂ ಟೀಮಲೇ. ಅಣ್ಣ ತಂಗಿನ್ನ ಬಿಟ್ಟುಕೊಡೂದಿಲ್ಲ ನೋಡು" ಅಂತ ಅವನ ವಾದ. ನನಗೂ ಹೌದು ಅನ್ನಿಸಿತು. ಒಗ್ಗಟ್ಟು ಒಳ್ಳೆಯವರ ಆಸ್ತಿ ಮಾತ್ರ ಅಂತ ಆ ಕಥೆ ಹೇಳುವುದಿಲ್ಲ.

ಹೋದ ವರ್ಷ, ಅಂದರೆ 2025ರ ಸೆಪ್ಟೆಂಬರ್‌ನಲ್ಲಿ, ಅದರದ್ದೇ ಇನ್ಫಿನಿಟಿ ಕ್ಯಾಸಲ್ ಸಿನಿಮಾ ಬೆಂಗಳೂರಿಗೆ ಬಂತು. ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಇತ್ತು, ಕನ್ನಡ ಇರಲಿಲ್ಲ. ನಾವು ಮೂವರು ಜಪಾನಿ ಆಡಿಯೋ ಇರುವ ಶೋಗೆ ಹೋದೆವು. ಸಿರ್ಸಿ ಬರಲಿಲ್ಲ. ಅಡಿಕೆಗೆ ಕೊಳೆ ಔಷಧಿ ಹೊಡೆಸುವವರು ಅವತ್ತೇ ಸಿಕ್ಕಿದ್ದರಂತೆ. ಹೊರಗೆ ಬಂದು ಕಾಫಿ ಕುಡಿಯುವಾಗ ಜಗಳ ಶುರು. ಕೋಲಾರನಿಗೆ ಬೇಟೆಗಾರರಲ್ಲಿ ಜೆನಿತ್ಸು ಅನ್ನೋನು ಒಬ್ಬನೇ ನಿಂತು ಹೊಡೆದಾಡಿದ್ದೇ ಮೇಲು. ಹುಬ್ಬಳ್ಳಿಗೆ ಗಿಯು ಮತ್ತು ತಂಜಿರೊ ಜೊತೆಯಾಗಿ ರಾಕ್ಷಸ ಅಕಾಜಾನ ಎದುರು ನಿಂತದ್ದು. "ಫಾಸ್ಟ್ ಬೌಲರ್‌ಗೆ ಒಬ್ಬಂಟಿ ಹೀರೋನ ಚಂದ ಕಾಣೂದು" ಅಂತ ಅವನು ಚುಚ್ಚಿದ. ಅದು ಇನ್ನೂ ಮುಗಿದಿಲ್ಲ.

ಈ ನಡುವೆ ಹುಬ್ಬಳ್ಳಿ ಒನ್ ಪೀಸ್ ಶುರು ಮಾಡಿದ್ದಾನೆ. ಸಾವಿರದ ಮೇಲೆ ಕಂತು ಇದೆ, ನನ್ನ ಜೀವಮಾನ ಸಾಲದು ಅನ್ನುತ್ತಿದ್ದವನು. ಸಿರ್ಸಿ ಅವನಿಗೆ, "44ರ ತನಕ ನೋಡು ಮಾರಾಯ, ಆಮೇಲೆ ಬೇಕಾದ್ರೆ ಬಿಡು" ಅಂದಿದ್ದಾನೆ. ಅರ್ಲಾಂಗ್ ಪಾರ್ಕ್ ಮುಗಿಯುವುದು ಅಲ್ಲಿಗೆ. ಈಗ ಅವನು ಮೂವತ್ತರ ಆಸುಪಾಸಿನಲ್ಲಿದ್ದಾನೆ. ಹಡಗು ಕದ್ದುಕೊಂಡು ಓಡಿಹೋದಳು ಅಂತ ಲೂಫಿಯ ಜೊತೆಗಿದ್ದ ನಾಮಿಯ ಮೇಲೆ ಅವನಿಗೆ ಭಯಂಕರ ಸಿಟ್ಟು. ನಿನ್ನೆ ರಾತ್ರಿಯೂ ಉದ್ದಕ್ಕೆ ಬೈದು ಮೆಸೇಜ್ ಹಾಕಿದ್ದ. ನಾವು ಮೂವರೂ ಬಾಯಿ ಬಿಟ್ಟಿಲ್ಲ.